ಗಾಡಿ ಪ್ರಶ್ನೋತ್ತರ: ಮರನೆಲ್ಲೋದ ಕಾರು, ನಮ್ಮೂರ ಹಂಪು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇಟಲಿಯ ಜಿಟಿ ಕಾರುಗಳ ಬಗ್ಗೆ, ಅಂದರೆ ದೂರ ಪ್ರಯಾಣಕ್ಕೆಂದು ಮಾಡಿದ ವೇಗದ ಗಾಡಿಗಳು, ಫೆರಾರಿಯ ಊರು ಮರನೆಲ್ಲೋದವೂ ಸೇರಿ. ಅರ್ಧ ಜನ ರಸ್ತೆಯದು ಕೇಳಿದ್ದಾರೆ, ಅರ್ಧ ಜನ ಕಂಪ್ಯೂಟರ್ ಆಟದ್ದು. ಎರಡನ್ನೂ ಬೇರೆ ಮಾಡದೆ ಒಟ್ಟಿಗೇ ಉತ್ತರಿಸಿದ್ದೇವೆ. ಗಾಡಿಯ ಭಾರ ಎಲ್ಲಿ ಕೂತಿದೆ, ಯಾವಾಗ ಎತ್ತ ಸರಿಯುತ್ತದೆ ಎಂದು ಗೊತ್ತಾದರೆ ಎರಡೂ ಕಡೆಯ ತೊಡಕು ಬಹಳಷ್ಟು ಸಡಿಲಾಗುತ್ತದೆ.

ಪ್ರಶ್ನೆ: ಅಸೆಟ್ಟೊ ಕೊರ್ಸಾ ಕಾಂಪೆಟಿಟ್ಸಿಯೋನೆ ಅನ್ನೂ ಕಂಪ್ಯೂಟರ್ ರೇಸ್ ಆಟ ಆಡ್ತೀನ್ರಿ. ಫೆರಾರಿ 488 ಜಿಟಿ3 ರೇಸ್ ಕಾರು ತಿರುವಿನ್ಯಾಗ ಆಕ್ಸಲರೇಟರ್ ಬಿಟ್ಟ ಕೂಡ್ಲೇ ಗಿರಕಿ ಹೊಡೀತದ. ಟ್ರ್ಯಾಕ್ಷನ್ ಕಂಟ್ರೋಲ್ ಪೂರಾ ಏರಿಸಿದ್ರೂ ಅಷ್ಟ. ಮಸೆರಾಟಿ ಗ್ರಾನ್‌ಟುರಿಸ್ಮೊ ಜಿಟಿ4 ಹಂಗ ಮಾಡೂದಿಲ್ಲ. ಯಾಕ?
— ಒಬ್ಬ ವಿದ್ಯಾರ್ಥಿ, ವಿಜಯಪುರ

ಗಾಲಿ ಸುಮ್ಮನೆ ಸುತ್ತದಂತೆ ಎಂಜಿನ್ ಬಲ ತಗ್ಗಿಸುವ ಟ್ರ್ಯಾಕ್ಷನ್ ಕಂಟ್ರೋಲ್ ಕೆಲಸ ಮಾಡುವುದು ಆಕ್ಸಲರೇಟರ್ ಒತ್ತಿದಾಗ ಮಾತ್ರ. ನಿಮ್ಮ ಗಾಡಿ ತಿರುಗುತ್ತಿರುವುದು ಬಿಟ್ಟಾಗ. ಹಾಗಾಗಿ ಆ ಗುಂಡಿಯನ್ನು ಎಷ್ಟು ತಿರುವಿದರೂ ಪ್ರಯೋಜನವಿಲ್ಲ, ನೇರ ದಾರಿಯ ವೇಗ ಮಾತ್ರ ಕಳೆದುಕೊಳ್ಳುತ್ತೀರಿ.

ಲೆಕ್ಕ ಹಾಕಿ ನೋಡೋಣ. ಗಾಡಿಯ ತೂಕ 1300 ಕೆಜಿ, ಭಾರಕೇಂದ್ರ ನೆಲದಿಂದ 0.45 ಮೀಟರ್ ಎತ್ತರ, ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ 2.6 ಮೀಟರ್ ಅಂತರ ಎಂದಿಟ್ಟುಕೊಳ್ಳಿ. ಎಂಜಿನ್ ಬೆನ್ನ ಹಿಂದಿರುವುದರಿಂದ ನಿಂತಾಗ ನೂರರಲ್ಲಿ ಮುಂದೆ 42 ಪಾಲು, ಹಿಂದೆ 58 ಪಾಲು, ಅಂದರೆ ಹಿಂದಿನ ಗಾಲಿಗಳ ಮೇಲೆ 754 ಕೆಜಿ. ಒಂದು ಜಿ ಬಲದಿಂದ (ಗಾಡಿಯ ತೂಕದಷ್ಟೇ ಬಲದಿಂದ) ಬ್ರೇಕ್ ಹಾಕಿದರೆ 1300 × 0.45 ÷ 2.6, ಅಂದರೆ 225 ಕೆಜಿ ಹಿಂದಿನಿಂದ ಮುಂದಕ್ಕೆ ಸರಿಯುತ್ತದೆ. ಹಿಂದಿನ ಟೈರುಗಳ ಮೇಲಿನ ಭಾರ 529 ಕೆಜಿಗೆ ಇಳಿಯಿತು. ಹತ್ತರಲ್ಲಿ ಮೂರು ಪಾಲು ಹೋಯಿತು. ಆದರೆ ತಿರುವಿನಲ್ಲಿ ಆ ಟೈರುಗಳು ಹಿಡಿದಿಡಬೇಕಾದ ಎಂಜಿನ್, ಗೇರ್‌ಬಾಕ್ಸ್ ಅಲ್ಲೇ ಇವೆ. ಆಕ್ಸಲರೇಟರ್ ಬಿಟ್ಟಾಗಲೂ ಇದೇ ಕಡಿಮೆ ಪ್ರಮಾಣದಲ್ಲಿ ಆಗುತ್ತದೆ, ಮೇಲಾಗಿ ಎಂಜಿನ್ನಿನ ಎಳೆತವೂ ಹಿಂದಿನ ಗಾಲಿಗಳ ಮೇಲೇ ಬೀಳುತ್ತದೆ.

ಮುಂದೆ ಎಂಜಿನ್ ಇರುವ ಮಸೆರಾಟಿಯಲ್ಲೂ ಭಾರ ಹೆಚ್ಚುಕಡಿಮೆ ಇಷ್ಟೇ ಸರಿಯುತ್ತದೆ. ವ್ಯತ್ಯಾಸ ಇರುವುದು ಭಾರದ ಹರವಿನಲ್ಲಿ. ಒಂದು ಉದ್ದನೆಯ ಕೋಲಿನ ಎರಡು ತುದಿಗೆ ಕಲ್ಲು ಕಟ್ಟಿ ತಿರುಗಿಸಿ, ಆಮೇಲೆ ಅದೇ ಕಲ್ಲುಗಳನ್ನು ನಡುವಿಗೆ ತಂದು ತಿರುಗಿಸಿ. ನಡುವಿಗಿದ್ದಾಗ ಕೋಲು ಥಟ್ಟನೆ ತಿರುಗುತ್ತದೆ. 488 ಎರಡನೇ ಕೋಲು. ತಿರುವಿಗೆ ಇಳಿಯುವುದೂ ಬೇಗ, ಕೈತಪ್ಪುವುದೂ ಬೇಗ. ಮಸೆರಾಟಿ ನಿಧಾನವಾಗಿ ಜಾರಿ ನಿಮಗೆ ಸ್ಟೇರಿಂಗ್ ತಿದ್ದಲು ಸಮಯ ಕೊಡುತ್ತದೆ.

ಮೊದಲು ಕಾಲನ್ನು ತಿದ್ದಿಕೊಳ್ಳಿ. ಗಟ್ಟಿ ಬ್ರೇಕ್ ಎಲ್ಲ ಗಾಡಿ ನೆಟ್ಟಗಿರುವಾಗಲೇ ಮುಗಿಯಲಿ. ಸ್ಟೇರಿಂಗ್ ತಿರುಗಿದಷ್ಟೂ ಬ್ರೇಕ್ ಬಿಡುತ್ತಾ ಹೋಗಿ. ತಿರುವಿನ ನಡುವೆ ಆಕ್ಸಲರೇಟರ್ ಪೂರ್ತಿ ಬಿಡಬೇಡಿ, ನೂರರಲ್ಲಿ ಹತ್ತು ಪಾಲಿನಷ್ಟಾದರೂ ಒತ್ತಿಕೊಂಡಿರಿ. ಇಟಲಿಯ ಮೊಂಝಾ ಟ್ರ್ಯಾಕಿನ ಮೊದಲ ಶಿಕೇನ್ (ಒಂದರ ಬೆನ್ನಿಗೊಂದು ಬರುವ ಜೋಡಿ ತಿರುವು) ಇದಕ್ಕೆ ಒಳ್ಳೆಯ ಪಾಠಶಾಲೆ. ಬಲದಿಂದ ಎಡಕ್ಕೆ ಸ್ಟೇರಿಂಗ್ ಹೊರಳುವ ಗಳಿಗೆಯಲ್ಲಿ ಬ್ರೇಕಿನ ಮೇಲೆ ಕಾಲು ಉಳಿದಿದ್ದರೆ ಗಾಡಿಯ ಹಿಂಬದಿ ಜಾರಿ ಮುಂದಕ್ಕೆ ಬಂದೇ ಬರುತ್ತದೆ.

ಆಮೇಲೆ ಸೆಟಪ್, ಅಂದರೆ ಗಾಡಿಯ ಹೊಂದಿಕೆ. ಬ್ರೇಕ್ ಬಯಾಸನ್ನು (ಮುಂದೆ ಹಿಂದೆ ಬ್ರೇಕ್ ಬಲ ಹಂಚುವ ಪ್ರಮಾಣವನ್ನು) ನೂರರಲ್ಲಿ ಒಂದೂವರೆಯಿಂದ ಎರಡು ಪಾಲು ಮುಂದಕ್ಕೆ ತನ್ನಿ. ಸಾಲದಿದ್ದರೆ ಡಿಫರೆನ್ಷಿಯಲ್ ಪ್ರೀಲೋಡ್ (ಎರಡು ಗಾಲಿಗೆ ಬಲ ಹಂಚುವ ಗೇರಿನ ಬಿಗಿ) ಏರಿಸಿ. ಹಿಂದಿನ ಎರಡೂ ಗಾಲಿ ಒಂದಕ್ಕೊಂದು ಕಟ್ಟುಬಿದ್ದು ಆಕ್ಸಲರೇಟರ್ ಬಿಟ್ಟಾಗ ಗಾಡಿ ನೆಟ್ಟಗಿರುತ್ತದೆ. ಅದು ಹೆಚ್ಚಾದರೆ ತಿರುವಿಗೆ ಇಳಿಯಲು ಮುನಿಯುತ್ತದೆ, ಆಗ ಒಂದು ಮೆಟ್ಟಿಲು ಇಳಿಸಿ. ಹಿಂದಿನ ಆ್ಯಂಟಿ ರೋಲ್ ಬಾರ್ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸರಳು) ಮೆತ್ತಗೆ ಮಾಡುವುದು ಮೂರನೆಯ ದಾರಿ. ಗಾಡಿಯನ್ನು ನೆಲಕ್ಕೊತ್ತುವ ಹಿಂದಿನ ರೆಕ್ಕೆ ಏರಿಸಿದರೆ ವೇಗದ ತಿರುವಿಗೆ ಮಾತ್ರ ಉಪಯೋಗ, 80 ಕಿ.ಮೀ. ವೇಗದ ಶಿಕೇನಿನಲ್ಲಿ ಅದು ಇದ್ದೂ ಇಲ್ಲದಂತೆ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಐದು ಸುತ್ತು ಓಡಿಸಿ, ಬರೆದಿಟ್ಟುಕೊಳ್ಳಿ. ನಾಲ್ಕನ್ನೂ ಒಟ್ಟಿಗೆ ತಿರುವಿದವರಿಗೆ ಯಾವುದರಿಂದ ಏನಾಯಿತು ಎಂದು ಯಾವತ್ತೂ ಗೊತ್ತಾಗುವುದಿಲ್ಲ.

ಟೈರಿನ ಗಾಳಿ ಮರೆಯಬೇಡಿ. ಆಟದ ಈಗಿನ ಆವೃತ್ತಿಯಲ್ಲಿ ಒಣ ಟ್ರ್ಯಾಕಿಗೆ ಬಿಸಿಯಾದ ಮೇಲೆ 26ರಿಂದ 27 ಪಿಎಸ್‌ಐ ಬರಬೇಕು. ಎರಡು ಮೂರು ಸುತ್ತಾದ ಮೇಲೆ ನೋಡಿ ತಿದ್ದಿ. ಪಿಟ್ಟಿನಲ್ಲಿ (ಟ್ರ್ಯಾಕಿನ ಬದಿಯ ನಿಲುಗಡೆಯಲ್ಲಿ) ತಣ್ಣಗಿದ್ದಾಗಿನ ಅಂಕಿ ನೋಡಿ ತೃಪ್ತಿಪಟ್ಟುಕೊಂಡರೆ ಆಟದ ಅರ್ಧ ಹೊತ್ತು ತಪ್ಪು ಗಾಳಿಯಲ್ಲಿ ಓಡಿಸುತ್ತೀರಿ.

ಪ್ರಶ್ನೆ: ಕಂಪ್ಯೂಟರ್ ಆಟಕ್ಕ ಸ್ಟೇರಿಂಗ್, ಪೆಡಲ್ ಇಟ್ಟೀನ್ರಿ. ಮನ್ಯಾಗ ಫರಸಿ ನೆಲ. ಬ್ರೇಕ್ ಒತ್ತಿದ್ರ ಪೆಡಲ್ ಮುಂದಕ್ಕ, ಕುರ್ಚಿ ಹಿಂದಕ್ಕ. ಸ್ಟೇರಿಂಗೂ ತಿರುವಿನ್ಯಾಗ ಸತ್ತಂಗ ಆಗ್ತದ.
— ಬಾಗಲಕೋಟೆ ನವನಗರದಿಂದ

ಇವು ಎರಡು ಬೇರೆ ತೊಂದರೆ. ಮೊದಲನೆಯದಕ್ಕೆ 18 ಮಿ.ಮೀ. ಪ್ಲೈವುಡ್ ಹಲಗೆ ತನ್ನಿ, ಅಗಲ ಎರಡು ಅಡಿ, ಉದ್ದ ನಾಲ್ಕು ಅಡಿ. ಪೆಡಲ್ ಪೆಟ್ಟಿಗೆಯನ್ನು ಒಂದು ತುದಿಗೆ ಸ್ಕ್ರೂ ಹಾಕಿ ಕೂಡಿಸಿ, ಕುರ್ಚಿಯ ಮುಂದಿನ ಕಾಲುಗಳು ಇನ್ನೊಂದು ತುದಿಯ ಮೇಲೆ ಬರಲಿ. ಈಗ ಬ್ರೇಕಿನ ಒತ್ತಡ ಹಲಗೆಯೊಳಗೇ ಮುಗಿಯುತ್ತದೆ, ನೆಲಕ್ಕೆ ಬರುವುದಿಲ್ಲ. ಉರುಳುವ ಕುರ್ಚಿಯಾದರೆ ಹಲಗೆಯ ಮೇಲೆ ಚಕ್ರದ ಹಿಂದೆ ಅರ್ಧ ಇಂಚಿನ ಪಟ್ಟಿ ಹೊಡೆಯಿರಿ. ಲಾಜಿಟೆಕ್ ಜಿ29ರ ಬ್ರೇಕಿನೊಳಗೆ ರಬ್ಬರ್ ತುಂಡಿದೆ. ಅದನ್ನು ಪೂರ್ತಿ ಒತ್ತಲು ನಿಜಕ್ಕೂ ಬಲ ಬೇಕು, ಜಾರುವ ನೆಲದಲ್ಲಿ ನೂರು ಪಾಲು ಬ್ರೇಕ್ ಸಿಗುವುದೇ ಇಲ್ಲ.

ಎರಡನೆಯದು ಫೋರ್ಸ್ ಫೀಡ್‌ಬ್ಯಾಕ್ (ಟೈರಿನ ಬಲವನ್ನು ಮೋಟಾರಿನಿಂದ ಸ್ಟೇರಿಂಗಿಗೆ ತರುವ ವ್ಯವಸ್ಥೆ) ಮೇಲ್ಮಿತಿ ಮುಟ್ಟುವುದು. ಗೇನ್, ಅಂದರೆ ಆ ಬಲದ ಪ್ರಮಾಣ, ಹೆಚ್ಚಿಟ್ಟರೆ ಮೋಟಾರು ಸುಮ್ಮನೆ ತನ್ನ ಪೂರ್ಣ ಬಲದಲ್ಲಿ ನಿಂತುಬಿಡುತ್ತದೆ, ಟೈರ್ ಜಾರುವಾಗಿನ ಸಣ್ಣ ಸಣ್ಣ ವ್ಯತ್ಯಾಸ ಕೈಗೆ ಬರುವುದಿಲ್ಲ. ಉದ್ದನೆಯ ವೇಗದ ತಿರುವಿನಲ್ಲಿ ಪರದೆಯ ಮೇಲಿನ ಬಲದ ಪಟ್ಟಿ ಕೆಂಪಾಗುವುದು ನಿಲ್ಲುವವರೆಗೆ ಗೇನ್ ಐದೈದು ಇಳಿಸುತ್ತಾ ಬನ್ನಿ.

ಪ್ರಶ್ನೆ: ನಮ್ಮ ಪರಿಚಯದವರು ಮಸೆರಾಟಿ ಗ್ರಾನ್‌ಟುರಿಸ್ಮೊ ತರಿಸುವ ವಿಚಾರದಲ್ಲಿದ್ದಾರೆ. ಬೆಳಗಾವಿಯ ಹಂಪುಗಳ ಮೇಲೆ ಅದು ದಾಟುತ್ತದೆಯೇ? ಮೂಗು ಎತ್ತುವ ವ್ಯವಸ್ಥೆ ಇದ್ದರೆ ಸಾಕೇ?
— ಟಿಳಕವಾಡಿ, ಬೆಳಗಾವಿ

ನಿಯಮದ ಹಂಪು ದಾಟುತ್ತದೆ, ನಿಯಮ ಮೀರಿದ್ದು ದಾಟುವುದಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಅಳತೆಯ ಪ್ರಕಾರ ದುಂಡು ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು, 25 ಕಿ.ಮೀ. ವೇಗದಲ್ಲಿ ದಾಟಲೆಂದು ಮಾಡಿದ್ದು. 2007ರಲ್ಲಿ ಬಂದ ಗ್ರಾನ್‌ಟುರಿಸ್ಮೊದ ಗಾಲಿ ಅಂತರ 2.94 ಮೀಟರ್. ನಾಲ್ಕೂ ಗಾಲಿ ಕಮಾನಿನ ಮೇಲಿದ್ದಾಗ ಹೊಟ್ಟೆಯ ಕೆಳಗೆ ಎಷ್ಟು ಜಾಗ ಕಡಿಮೆಯಾಗುತ್ತದೆ ಎಂದು ತಿಳಿಯಲು ಗಾಲಿ ಅಂತರದ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿ: 8.64 ÷ 136, ಸುಮಾರು 64 ಮಿ.ಮೀ. ಗಾಡಿಯ ತಳ ನೆಲದಿಂದ 120 ಮಿ.ಮೀ. ಇದ್ದರೆ ಇನ್ನೂ 56 ಉಳಿಯಿತು. ಇಬ್ಬರು ಕೂತು ಡಿಕ್ಕಿ ತುಂಬಿದರೂ ತೊಂದರೆಯಿಲ್ಲ.

ತೊಂದರೆ ಓಣಿಯವರು ರಾತ್ರೋರಾತ್ರಿ ಹಾಕಿದ ಹಂಪಿನದು. 15 ಸೆಂ.ಮೀ. ಎತ್ತರ, ಒಂದು ಮೀಟರ್ ಅಗಲ ಇದ್ದರೆ ಅದು ಪೂರ್ತಿಯಾಗಿ ಎರಡು ಗಾಲಿಗಳ ನಡುವೆ ಕೂರುತ್ತದೆ. ಕಮಾನಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ, 150ಕ್ಕೆ 120 ಸಾಲುವುದಿಲ್ಲ. ಮೂಗು ಎತ್ತುವ ವ್ಯವಸ್ಥೆ ಇಲ್ಲಿ ನಿಮ್ಮನ್ನು ಪೂರ್ತಿ ಕಾಪಾಡದು. ಮುಂಭಾಗ 40 ಮಿ.ಮೀ. ಏರಿದರೆ ನಡುಭಾಗ ಏರುವುದು ಅದರ ಅರ್ಧ, 20 ಮಿ.ಮೀ. ಮಾತ್ರ. ಬಂಪರ್ ಉಳಿಯಿತು ಎಂದು ಮುಂದೆ ಹೋದವರ ಗಾಡಿ ಹೊಟ್ಟೆಯ ಮೇಲೆ ಕೂರುವುದು ಹೀಗೆ.

ಆದ್ದರಿಂದ ಗಾಡಿ ಬರುವ ಮೊದಲೇ ಮನೆಯಿಂದ ಹೆದ್ದಾರಿವರೆಗಿನ ದಾರಿ ಅಳೆಯಿರಿ. ಗೌಂಡಿಗಳ ಹತ್ತಿರ ಇರುವ ಮೂರು ಮೀಟರ್ ಅಲ್ಯುಮಿನಿಯಂ ಪಟ್ಟಿಯನ್ನು ಹಂಪಿನ ನೆತ್ತಿಯ ಮೇಲೆ ಮಟ್ಟವಾಗಿ ಹಿಡಿದು, ಎರಡೂ ಬದಿ ನೆಲದವರೆಗಿನ ಎತ್ತರ ಬರೆದುಕೊಳ್ಳಿ. ದಾಟುವಾಗ ಬ್ರೇಕ್ ಹಂಪಿಗೆ ಮೊದಲೇ ಬಿಟ್ಟಿರಬೇಕು. ಬ್ರೇಕ್ ಹಿಡಿದೇ ಏರಿದರೆ ಮೂಗು ತಗ್ಗುತ್ತದೆ. ರಸ್ತೆ ಖಾಲಿಯಿದ್ದರೆ ಓರೆಯಾಗಿ ಏರಿಸಿ, ಒಂದೊಂದೇ ಗಾಲಿ ಹತ್ತಲಿ.

ಹಂಪಿಗಿಂತ ದೊಡ್ಡ ಅಪಾಯ ಕಬ್ಬಿನ ಹಂಗಾಮಿನದು. ನವೆಂಬರ್‌ನಿಂದ ಗೋಕಾಕ, ಜಮಖಂಡಿ, ಮುಧೋಳ ಕಡೆ ರಾತ್ರಿ ಹಿಂದೀಪವಿಲ್ಲದ ಜೋಡಿ ಟ್ರೇಲರ್‌ಗಳು ಓಡುತ್ತವೆ. ಜಿಟಿಯಲ್ಲಿ ಕೂತವರ ಕಣ್ಣು ತಗ್ಗಿನಲ್ಲಿರುತ್ತದೆ, ಕಬ್ಬಿನ ಹೊರೆ ಟ್ರೇಲರಿನಾಚೆ ಚಾಚಿರುತ್ತದೆ. ಆ ತಿಂಗಳುಗಳಲ್ಲಿ ದಯವಿಟ್ಟು ಹಗಲಲ್ಲೇ ಓಡಿಸಲು ಹೇಳಿ.

ಪ್ರಶ್ನೆ: ಹಳೆಯ ಫೆರಾರಿಗಳ ಒಳಗಿನ ಗುಂಡಿಗಳು ಬೆಲ್ಲದಂತೆ ಅಂಟುತ್ತವೆ ಎನ್ನುತ್ತಾರೆ. ವಿಜಯಪುರದ ಬಿಸಿಲಿನಲ್ಲಿ ಏನು ಗತಿ?

ನಿಜ. 360, 575ಎಂ, ಎಫ್430 ಮತ್ತು ಅದೇ ಕಾಲದ ಮಸೆರಾಟಿಗಳ ಪ್ಲಾಸ್ಟಿಕ್ಕಿನ ಮೇಲೆ ಮೆತ್ತನೆಯ ಪಾಲಿಯುರೆಥೇನ್ ಲೇಪ ಇದೆ. ಶಾಖ ಮತ್ತು ತೇವದಿಂದ ಆ ಲೇಪದ ಅಣುಗಳ ಸರಪಣಿಗಳು ಕಡಿದು ಅಂಟಾಗುತ್ತದೆ. ಒರೆಸಿದರೆ ಎರಡು ವಾರಕ್ಕೆ ಮತ್ತೆ ಅಂಟು. ಲೇಪವನ್ನೇ ತೆಗೆಯಬೇಕು. ಭಾಗವನ್ನು ಬಿಚ್ಚಿ ಹೊರತೆಗೆದು, ಐಸೊಪ್ರೊಪಿಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಗಟ್ಟಿ ಪ್ಲಾಸ್ಟಿಕ್ ಕಾಣುವವರೆಗೆ ಉಜ್ಜಿ. ಗುಂಡಿಯ ಚಿಹ್ನೆಗಳೂ ಅಳಿಸುತ್ತವೆ, ಮೊದಲೇ ಫೋಟೊ ತೆಗೆದಿಟ್ಟುಕೊಂಡು ಆಮೇಲೆ ಮ್ಯಾಟ್ ಕಪ್ಪು ಬಣ್ಣದ ಮೇಲೆ ಹೊಸ ಚಿಹ್ನೆ ಹಾಕಿಸಿ. ಥಿನ್ನರ್ ಬಳಸಬೇಡಿ, ಪ್ಲಾಸ್ಟಿಕ್ಕೇ ಕರಗುತ್ತದೆ.

ಬಿಸಿಲಿನ ಇನ್ನೊಂದು ಮಾತು: ಟೈರಿನ ಗಾಳಿಯನ್ನು ಬೆಳಗ್ಗೆ ಗಾಡಿ ಹೊರಡುವ ಮುನ್ನ ನೋಡಿ. 25 ಡಿಗ್ರಿಯಲ್ಲಿ 33 ಪಿಎಸ್‌ಐ ಇದ್ದದ್ದು 42 ಡಿಗ್ರಿಯ ಮಧ್ಯಾಹ್ನ ನಿಂತಲ್ಲೇ ಸುಮಾರು ಎರಡೂಮುಕ್ಕಾಲು ಏರುತ್ತದೆ. ಅದನ್ನು ನೋಡಿ ಗಾಳಿ ಬಿಟ್ಟರೆ ಮರುದಿನ ಬೆಳಗ್ಗೆ ಕಡಿಮೆ ಗಾಳಿಯಲ್ಲಿ ಓಡಿಸುತ್ತೀರಿ. ನಿಂತ ಗಾಡಿಯ ಬ್ಯಾಟರಿಗೆ ಮೇಂಟೇನರ್ (ಚಾರ್ಜ್ ಇಳಿಯದಂತೆ ನೋಡುವ ಸಾಧನ) ಹಚ್ಚಿಡುವವರು ಅದು ಕರೆಂಟ್ ಹೋಗಿ ಬಂದ ಮೇಲೆ ತಾನಾಗಿ ಶುರುವಾಗುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿ. ಕೆಲವು ಗುಂಡಿ ಒತ್ತುವವರೆಗೆ ಸುಮ್ಮನಿರುತ್ತವೆ.

ಪ್ರಶ್ನೆ: ಜಿಟಿಒ, ಜಿಟಿಎ, 365 ಜಿಟಿಬಿ/4 ಅಂದರೇನು?

ಜಿಟಿ ಎಂದರೆ ಗ್ರಾನ್ ಟುರಿಸ್ಮೊ, ದೊಡ್ಡ ಪ್ರಯಾಣ. ಒ ಎಂದರೆ ಒಮೊಲೊಗಾಟೊ, ರೇಸಿಗೆ ಮಾನ್ಯತೆ ಪಡೆದದ್ದು. ಆಲ್ಫಾ ರೋಮಿಯೊದ ಜಿಟಿಎಯಲ್ಲಿ ಎ ಎಂದರೆ ಅಲೆಜೆರಿಟಾ, ಹಗುರ ಮಾಡಿದ್ದು. 1965ರ ಆ ಗಾಡಿಗೆ ಉಕ್ಕಿನ ಬದಲು ಅಲ್ಯುಮಿನಿಯಂ ಹೊದಿಕೆ. ಫೆರಾರಿಯ 365 ಎಂದರೆ ಒಂದು ಸಿಲಿಂಡರಿನ ಸಿಸಿ. ಹನ್ನೆರಡರಿಂದ ಗುಣಿಸಿದರೆ ಸುಮಾರು 4.4 ಲೀಟರ್. ಬಿ ಬರ್ಲಿನೆಟ್ಟಾ, ಅಂದರೆ ಮುಚ್ಚಿದ ಮೇಲ್ಛಾವಣಿಯ ಕೂಪೆ. 4 ಎಂದರೆ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್‌ಗಳ ಸಂಖ್ಯೆ. ಈ ರೂಢಿ ಎಲ್ಲ ಕಾಲಕ್ಕೂ ನಡೆದಿಲ್ಲ: 2017ರ ಫೆರಾರಿ 812ರಲ್ಲಿ 8 ಎಂದರೆ 800 ಅಶ್ವಶಕ್ತಿ, 12 ಸಿಲಿಂಡರ್ ಸಂಖ್ಯೆ.

ಪ್ರಶ್ನೆ: ನಮ್ಮದು ಉದ್ಯಮಬಾಗದಲ್ಲಿ ಎರಕದ ಕೆಲಸ, ಬೀಡು ಕಬ್ಬಿಣ ಮಾತ್ರ. ಫೆರಾರಿ ಎಂಜಿನ್ ಬ್ಲಾಕ್ ಅಲ್ಯುಮಿನಿಯಂ, ಒಳಗೆ ಬೀಡಿನ ಲೈನರ್ (ಸಿಲಿಂಡರಿನ ಒಳಗೋಡೆಯ ಕೊಳವೆ) ಎಂದು ಓದಿದೆ. ಬಿಸಿಯಾದಾಗ ಲೈನರ್ ಸಡಿಲಾಗುವುದಿಲ್ಲವೇ?

ಬೆಳಗಾವಿಯವರಿಂದ ಬರಬೇಕಾದ ಪ್ರಶ್ನೆಯೇ ಇದು. ಫೆರಾರಿಯ ಎಂಜಿನಿಯರ್ ಕೊಲೊಂಬೊ ರೂಪಿಸಿದ ಹನ್ನೆರಡು ಸಿಲಿಂಡರಿನ ಎಂಜಿನ್ನಿನಲ್ಲಿ ಇರುವುದು ಅದೇ ಏರ್ಪಾಟು. 250 ಸರಣಿಯಲ್ಲಿ ಬೋರ್ (ಸಿಲಿಂಡರಿನ ಒಳ ವ್ಯಾಸ) 73 ಮಿ.ಮೀ. ಲೈನರಿನ ಹೊರ ವ್ಯಾಸ 80 ಮಿ.ಮೀ. ಎಂದುಕೊಂಡು 80 ಡಿಗ್ರಿ ಬಿಸಿಯೇರಿಸಿ: ಅಲ್ಯುಮಿನಿಯಂ ರಂಧ್ರ 0.147 ಮಿ.ಮೀ. ಹಿಗ್ಗಿದರೆ ಬೀಡು ಹಿಗ್ಗುವುದು 0.074. ನಡುವೆ 0.07 ಮಿ.ಮೀ. ಅಂತರ ಬಿತ್ತು. ಹಾಗಾಗಿ ತಣ್ಣಗಿರುವಾಗಲೇ ಅದಕ್ಕಿಂತ ಹೆಚ್ಚು ಬಿಗಿಯಿಟ್ಟು, ಅಲ್ಯುಮಿನಿಯಂ ಕಾಯಿಸಿ ಲೈನರ್ ಇಳಿಸುತ್ತಾರೆ. ಎತ್ತಿನ ಬಂಡಿಯ ಗಾಲಿಗೆ ಕಾದ ಹಳಿ ಕೂಡಿಸುವ ಕಮ್ಮಾರನ ಕ್ರಮವೇ ಅದು.

ಅಲ್ಯುಮಿನಿಯಂ ಎರಕಕ್ಕೆ ಇಳಿಯುವ ಯೋಚನೆಯಿದ್ದರೆ ನಿಮಗೆ ಮೊದಲು ಕಾಡುವುದು ಹೈಡ್ರೋಜನ್. ಕರಗಿದ ಅಲ್ಯುಮಿನಿಯಂ ಹಿಡಿದಿಡುವ ಹೈಡ್ರೋಜನ್ನಿನಲ್ಲಿ ಹೆಚ್ಚುಕಡಿಮೆ ಇಪ್ಪತ್ತರ ಒಂದು ಪಾಲು ಮಾತ್ರ ಗಟ್ಟಿಯಾದ ಮೇಲೆ ಉಳಿಯಬಲ್ಲದು, ಮಿಕ್ಕಿದ್ದು ಸೂಜಿಮೊನೆಯ ರಂಧ್ರಗಳಾಗುತ್ತದೆ. ಬ್ಲಾಕ್ ಮೇಲ್ನೋಟಕ್ಕೆ ಚೆಂದ ಕಂಡು, ಮಷೀನ್ ಮಾಡಿದ ಮೇಲೆ ನೀರು ಎಣ್ಣೆಗೆ ಬೆರೆಯುತ್ತದೆ. ಮಳೆಗಾಲದಲ್ಲಿ ಹೆಚ್ಚು. ಇಂಗಾಟುಗಳನ್ನು (ಲೋಹದ ಗಟ್ಟಿಗಳನ್ನು) ಕಾಯಿಸಿ ಒಣಗಿಸಿಯೇ ಕುಲುಮೆಗೆ ಹಾಕಿ, ಸುರಿಯುವ ಮುನ್ನ ತಿರುಗುವ ರೋಟರಿನಿಂದ ಆರ್ಗಾನ್ ಇಲ್ಲವೇ ನೈಟ್ರೋಜನ್ ಹಾಯಿಸಿ, 740 ಡಿಗ್ರಿ ಮೀರಲು ಬಿಡಬೇಡಿ. ಫೆರಾರಿ ಇವತ್ತಿಗೂ ಮರನೆಲ್ಲೋದಲ್ಲಿ ತನ್ನದೇ ಫೌಂಡ್ರಿ ಇಟ್ಟುಕೊಂಡಿದೆ.

ಪ್ರಶ್ನೆ: ನಮ್ಮಪ್ಪನ ಪ್ರೀಮಿಯರ್ ಪದ್ಮಿನಿ ಕೊಟ್ಟಿಗ್ಯಾಗ ನಿಂತದ. ಅದಕ್ಕೂ ಇಟಲಿ ಜಿಟಿಗೂ ಏನರ ಸಂಬಂಧ ಐತೇನ್ರಿ? ಈಗಿನ ಪೆಟ್ರೋಲ್ ಹಾಕಿ ಓಡಿಸಬಹುದ?
— ಬೈಲಹೊಂಗಲ

ಹತ್ತಿರದ ಸಂಬಂಧವೇ ಇದೆ. ಪದ್ಮಿನಿಯ ಮೂಲ ಫಿಯಟ್ 1100, ಎಂಜಿನ್ 1089 ಸಿಸಿ. ಅದೇ ಫಿಯಟ್ 1100 ವಂಶದ 1089 ಸಿಸಿ ಎಂಜಿನ್ನಿನ ಮೇಲೆ ಇಟಲಿಯ ಕಾರು ವಿನ್ಯಾಸ ಸಂಸ್ಥೆ ಪಿನಿನ್‌ಫರೀನಾ ರೂಪಿಸಿದ ಮೈ ಹೊದಿಸಿ ಸಿಸಿಟಾಲಿಯಾ 202 ಎಂಬ ಪುಟ್ಟ ಜಿಟಿ ಮಾಡಿದರು. 1951ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅದನ್ನು ಶಿಲ್ಪದಂತೆ ಪ್ರದರ್ಶನಕ್ಕಿಟ್ಟಿತು.

ಓಡಿಸಬಹುದು, ಆದರೆ ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಮ್ ಉಬ್ಬಿ ಬಿರಿಯುತ್ತವೆ. ಅವನ್ನು ಎಥನಾಲ್ ತಡೆಯುವ ಪೈಪು ಮತ್ತು ಕಿಟ್‌ನಿಂದ ಮೊದಲು ಬದಲಿಸಿ. ಟ್ಯಾಂಕ್ ಬಿಚ್ಚಿ ತುಕ್ಕು ತೊಳೆಸಿ, ಇಲ್ಲದಿದ್ದರೆ ಎಥನಾಲ್ ಅದನ್ನು ಎಬ್ಬಿಸಿ ಕಾರ್ಬ್ಯುರೇಟರಿನ ಜೆಟ್ಟಿಗೆ (ಪೆಟ್ರೋಲ್ ಹರಿಯುವ ಸಣ್ಣ ತೂತಿಗೆ) ತಂದು ತುಂಬುತ್ತದೆ. ಬರೀ ಪೆಟ್ರೋಲಿಗೆ ಒಂದಕ್ಕೆ 14.7 ಪಾಲು ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5. ಅಂದರೆ ನೂರಕ್ಕೆ ಸುಮಾರು ಒಂಬತ್ತು ಪಾಲು ಹೆಚ್ಚು ಇಂಧನ ಹರಿಯಬೇಕು, ಜೆಟ್ಟಿನ ವ್ಯಾಸ ನೂರಕ್ಕೆ ಸುಮಾರು ನಾಲ್ಕು ಪಾಲು ದೊಡ್ಡದಾಗಬೇಕು. ಜೆಟ್ಟಿನ ಮೇಲಿನ ಅಂಕಿ ಮಿಲಿಮೀಟರಿನ ನೂರರ ಲೆಕ್ಕ. 120 ಇದ್ದರೆ 125 ಹಾಕಿ ನೋಡಿ. ಕಾರ್ಬ್ಯುರೇಟರ್ ಸೀನುವುದು ನಿಂತು, ಹತ್ತು ಕಿ.ಮೀ. ಓಡಿದ ಮೇಲೆ ಪ್ಲಗ್ಗಿನ ಬಿಳುಪು ಹೋಗಿ ಬಿಸ್ಕತ್ತಿನ ಬಣ್ಣ ಬಂದರೆ ಸರಿಹೋಯಿತು. ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್ ಇರುವ ಗಾಡಿ ಅದು. ಎಂಜಿನ್ ಶುರು ಮಾಡುವ ಮುನ್ನ ವೀಲ್ ಸಿಲಿಂಡರಿನ ರಬ್ಬರ್ ಬದಲಿಸಿ, ಹಳೆಯ ಬ್ರೇಕ್ ಎಣ್ಣೆ ಪೂರ್ತಿ ಚೆಲ್ಲಿ ಹೊಸದು ತುಂಬಿ.