ಸೋಲಾರ್‌ನಲ್ಲಿ ಆರ್‌ಓ ಓಡಿಸುವುದಾದರೆ ಬ್ಯಾಟರಿ ಬಿಡಿ, ಟ್ಯಾಂಕ್ ದೊಡ್ಡದು ಮಾಡಿ

ಸಿರವಾರ ಕಡೆಯ ಅಣ್ಣ ಕೇಳಿರುವುದು ಇಷ್ಟು. ಬೋರ್ ನೀರು ಸವಳು, ಟಿಡಿಎಸ್ (ನೀರಲ್ಲಿ ಕರಗಿದ ಲವಣ) ಮೀಟರ್ 2,800 ತೋರಿಸುತ್ತಿದೆ. ತೋಟದಲ್ಲಿ 5 ಎಚ್‌ಪಿ ಸೋಲಾರ್ ಪಂಪ್ ಆಗಲೇ ಇದೆ. ಮನೆಗೆ, ಹತ್ತು ದನಗಳಿಗೆ, ಜೊತೆಗೆ ದಾಳಿಂಬೆ ಡ್ರಿಪ್‌ಗೂ ಆಗಲಿ ಅಂತ ಗಂಟೆಗೆ 1,000 ಲೀಟರ್‌ನ ಆರ್‌ಓ ಪ್ಲಾಂಟ್ (ನೀರನ್ನು ಮೆಂಬ್ರೇನ್ ಅನ್ನುವ ಪೊರೆಯ ಮೂಲಕ ಒತ್ತಡದಿಂದ ತಳ್ಳಿ ಉಪ್ಪು ತೆಗೆಯುವ ಯಂತ್ರ) ಹಾಕಿಸಬೇಕು ಅಂತಿದ್ದಾರೆ. ಡೀಲರ್ ಬ್ಯಾಟರಿ, ಇನ್ವರ್ಟರ್ ಎಲ್ಲ ಸೇರಿಸಿ ಕೊಟೇಶನ್ ಕೊಟ್ಟಿದ್ದಾನೆ.

ಮೊದಲೇ ಹೇಳಿಬಿಡುತ್ತೇನೆ. ಮನೆಗೆ ಹಾಕಿಸಿ. ಡ್ರಿಪ್‌ಗೆ ಬೇಡ. ಬ್ಯಾಟರಿಯಂತೂ ಬೇಡವೇ ಬೇಡ.

ಡ್ರಿಪ್‌ಗೆ ಯಾಕೆ ಬೇಡ ಅಂದರೆ, ಲೆಕ್ಕ ಹಾಕಿ ನೋಡಿ. ಎಕರೆಗೆ 300 ಗಿಡ, ಬೇಸಿಗೆಯಲ್ಲಿ ಗಿಡಕ್ಕೆ 40 ಲೀಟರ್ ಅಂದರೂ ದಿನಕ್ಕೆ 12,000 ಲೀಟರ್ ಬೇಕು. ಸಣ್ಣ ಆರ್‌ಓದಲ್ಲಿ ಅರ್ಧ ನೀರು ಒಳ್ಳೆಯದಾಗಿ ಬರುತ್ತದೆ, ಇನ್ನರ್ಧ ರಿಜೆಕ್ಟ್, ಅಂದರೆ ಉಪ್ಪು ಹೊತ್ತು ಹೊರಗೆ ಹೋಗುವ ನೀರು. ಹಾಗಾದರೆ ಬೋರ್‌ನಿಂದ 24,000 ಲೀಟರ್ ಎತ್ತಬೇಕು. 2,800 ಟಿಡಿಎಸ್ ಅಂದರೆ ಲೀಟರ್‌ಗೆ 2.8 ಗ್ರಾಂ ಲವಣ. ಒಂದೇ ಎಕರೆಗೆ ದಿನಕ್ಕೆ 65 ಕೆಜಿಯಷ್ಟು ಉಪ್ಪು ರಿಜೆಕ್ಟ್ ಪೈಪಿನಲ್ಲಿ ಹೊರಗೆ ಬರುತ್ತದೆ. ಅದನ್ನು ಎಲ್ಲಿ ಹಾಕುತ್ತೀರಿ? ಬದುವಿನ ಆಚೆ ಬಿಟ್ಟರೆ ಎರಡು ವರ್ಷದಲ್ಲಿ ಪಕ್ಕದ ಹೊಲದವರು ಜಗಳಕ್ಕೆ ಬರುತ್ತಾರೆ, ಬರಬೇಕಾದದ್ದೇ.

ಇದೇ ನೀರನ್ನು ಹಾಗೇ ಡ್ರಿಪ್‌ಗೆ ಬಿಟ್ಟರೂ ಉಪ್ಪು ಮಣ್ಣಿಗೆ ಹೋಗುತ್ತದೆ, ಸುಳ್ಳಲ್ಲ. ಆದರೆ ಅದಕ್ಕೆ ದಾರಿ ಬೇರೆ. ಕೃಷಿ ಹೊಂಡದ ಮಳೆ ನೀರನ್ನು ಬೆರೆಸಿ ಕೊಡಿ. ನೀರಿನ ಪರೀಕ್ಷೆಯಲ್ಲಿ ಸೋಡಿಯಂ ಪ್ರಮಾಣ, ಆರ್‌ಎಸ್‌ಸಿ (ಉಳಿಕೆ ಸೋಡಿಯಂ ಕಾರ್ಬೊನೇಟ್) ನೋಡಿಸಿ, ಅದು ಜಾಸ್ತಿ ಇದ್ದರೆ ಜಿಪ್ಸಮ್ ಎಷ್ಟು ಹಾಕಬೇಕು ಅಂತ ಕೇಳಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿ, ಉಪ್ಪು ನೀರಿನ ಮೇಲೆಯೇ ಕೆಲಸ ಮಾಡುವವರಿದ್ದಾರೆ. ನಿಮಗೆ ದೂರವೂ ಅಲ್ಲ, ಒಮ್ಮೆ ರಿಪೋರ್ಟ್ ಹಿಡಿದುಕೊಂಡು ಹೋಗಿ ಬನ್ನಿ.

ದನಗಳ ವಿಷಯ. ಟಿಡಿಎಸ್ ಒಂದನ್ನೇ ನೋಡಿದರೆ 3,000ದ ಒಳಗಿನ ನೀರು ದನಗಳಿಗೆ ನಡೆಯುತ್ತದೆ. ಹೊಸದಾಗಿ ತಂದ ಹಸುವಿಗೆ ಮೊದಲು ಸ್ವಲ್ಪ ಭೇದಿ ಆಗಬಹುದು, ಆಮೇಲೆ ಒಗ್ಗುತ್ತದೆ. ಹಾಗಾಗಿ ಅವಕ್ಕೆ ಪೂರ್ತಿ ಆರ್‌ಓ ನೀರು ಕುಡಿಸುವ ಅಗತ್ಯ ಇಲ್ಲ, ಬೇಕಾದರೆ ಅರ್ಧಕ್ಕರ್ಧ ಬೆರೆಸಿ. ಆದರೆ ಫ್ಲೋರೈಡ್, ನೈಟ್ರೇಟ್ ಜಾಸ್ತಿ ಇದ್ದರೆ ಈ ಮಾತು ನಡೆಯುವುದಿಲ್ಲ. ಅದಕ್ಕೆ ಕೆಳಗೆ ಬರುತ್ತೇನೆ.

ಈಗ ಸೈಜ್. ಮನೆಯವರು, ಕೂಲಿಗೆ ಬರುವವರು ಎಲ್ಲ ಸೇರಿ ಕುಡಿಯೋಕೆ, ಅಡುಗೆಗೆ ದಿನಕ್ಕೆ 150 ಲೀಟರ್ ದಾಟುವುದಿಲ್ಲ. ದನಗಳಿಗೆ ತಲಾ 60-70 ಲೀಟರ್ ಅಂದುಕೊಂಡು ಅರ್ಧ ಬೆರೆಸಿದರೆ ಇನ್ನೊಂದು 350. ಒಟ್ಟು 500 ಲೀಟರ್. ಗಂಟೆಗೆ 250 ಲೀಟರ್ ಕೊಡುವ ಪ್ಲಾಂಟ್ ಬಿಸಿಲಿದ್ದ ದಿನ ಐದು ಗಂಟೆ ಓಡಿದರೆ 1,250 ಲೀಟರ್ ಕೊಡುತ್ತದೆ, ಮೋಡದ ದಿನ ಎರಡು ಗಂಟೆ ಓಡಿದರೂ ಸಾಕು. 1,000 ಲೀಟರ್‌ನ ಪ್ಲಾಂಟ್ ಊರಿಗೆ ಹಾಕುವಂಥದ್ದು. ಸೈಜ್ ದೊಡ್ಡದಾದಷ್ಟೂ ಲಾಭ ಡೀಲರ್‌ಗೆ, ನಿಮಗಲ್ಲ.

250ರ ಪ್ಲಾಂಟ್‌ಗೆ 4040 ಅಂತಾರಲ್ಲ, ನಾಲ್ಕು ಇಂಚು ದಪ್ಪ ನಲವತ್ತು ಇಂಚು ಉದ್ದದ್ದು, ಆ ಮೆಂಬ್ರೇನ್ ಒಂದು ಸಾಕು. ರಾ ವಾಟರ್ (ಶುದ್ಧ ಮಾಡದ ಬೋರ್ ನೀರು) ಪಂಪ್, ಹೈ ಪ್ರೆಶರ್ ಪಂಪ್ ಎರಡೂ ಸೇರಿ ಒಂದು ಕಿಲೋವಾಟ್‌ನಿಂದ ಒಂದೂವರೆವರೆಗೆ ಎಳೆಯುತ್ತವೆ. 2 ರಿಂದ 2.5 ಕಿಲೋವಾಟ್ ಪ್ಯಾನೆಲ್ ಹಾಕಿ. ಜಾಸ್ತಿ ಯಾಕೆ ಅಂದರೆ ಬೆಳಿಗ್ಗೆ ಒಂಬತ್ತಕ್ಕೂ ಪಂಪ್ ಪೂರ್ತಿ ದಮ್ಮಿನಲ್ಲಿ ಓಡಲಿ ಅಂತ. ಪ್ಯಾನೆಲ್ ಈಗ ಅಷ್ಟು ದುಬಾರಿ ಅಲ್ಲ, ಬ್ಯಾಟರಿ ದುಬಾರಿ, ಅದೂ ಕೆಲವೇ ವರ್ಷಕ್ಕೆ ಬದಲಿಸಬೇಕು. ರಾತ್ರಿ ಆರ್‌ಓ ಓಡಿಸಿ ಏನು ಮಾಡ್ತೀರಿ? ಹಗಲು ನೀರು ಮಾಡಿ 2,000 ಲೀಟರ್ ಟ್ಯಾಂಕಿನಲ್ಲಿ ತುಂಬಿಡಿ. ಮೂರು ನಾಲ್ಕು ದಿನ ಮೋಡ ಕವಿದರೂ ಮನೆ ನಡೆಯುತ್ತದೆ.

ಇರುವ ಸೋಲಾರ್ ಪಂಪ್‌ನ ಪ್ಯಾನೆಲ್‌ಗೇ ಜೋಡಿಸಬಹುದಾ ಅಂತ ಕೇಳಿದ್ದೀರಿ. ಆಗುತ್ತದೆ, ಆದರೆ ಆ ಕಂಟ್ರೋಲರ್ ಸಾಮಾನ್ಯವಾಗಿ ಒಂದೇ ಮೋಟಾರ್‌ಗೆ ಹೊಂದಿಸಿದ್ದು. ಬೇರೆ ಮೋಟಾರ್‌ಗಳನ್ನೂ ಓಡಿಸುವ ಯೂನಿವರ್ಸಲ್ ಕಂಟ್ರೋಲರ್ ಇದ್ದರೆ ಸರಿ. ಇಲ್ಲದಿದ್ದರೆ ಸಬ್ಸಿಡಿಯಲ್ಲಿ ಬಂದ ಪಂಪ್‌ನ ವೈರಿಂಗ್‌ಗೆ ಕೈ ಹಾಕಬೇಡಿ, ನಾಳೆ ವಾರಂಟಿ ತಕರಾರು ಬರುತ್ತದೆ. ಬೇರೆ ಪ್ಯಾನೆಲ್ ಹಾಕಿ, ತ್ರೀ ಫೇಸ್ ಮೋಟಾರ್ ಇರುವ ಹೈ ಪ್ರೆಶರ್ ಪಂಪ್ ತಗೊಂಡು ಸಣ್ಣ ಸೋಲಾರ್ ವಿಎಫ್‌ಡಿಯಲ್ಲಿ (ಬಿಸಿಲಿಗೆ ತಕ್ಕಂತೆ ಮೋಟಾರ್ ವೇಗ ಹೊಂದಿಸುವ ಡ್ರೈವ್) ಓಡಿಸಿ. ಸಿಂಗಲ್ ಫೇಸ್ ಮೋಟಾರ್ ಸ್ಟಾರ್ಟ್ ಆಗುವಾಗ ಕರೆಂಟ್ ಸಿಕ್ಕಾಪಟ್ಟೆ ಎಳೆಯುತ್ತದೆ, ವಿಎಫ್‌ಡಿಗೂ ಅದಕ್ಕೂ ಹೊಂದುವುದಿಲ್ಲ.

ಬ್ಯಾಟರಿ ಇಲ್ಲದೆ ಓಡಿಸುವಾಗ ಒಂದು ಚಮತ್ಕಾರ ಕಾಣುತ್ತದೆ, ಗೊತ್ತಿಲ್ಲದವರು ಮೆಂಬ್ರೇನ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಎಳೆ ಬಿಸಿಲಿನಲ್ಲಿ ಒಳ್ಳೆ ನೀರಿನ ಪೈಪಿಗೆ ಮೀಟರ್ ಹಿಡಿದರೆ 200ರ ಆಸುಪಾಸು ತೋರಿಸುತ್ತದೆ. ಬಿಸಿಲು ಏರಿದ ಮೇಲೆ ಅದೇ ಪೈಪ್, ಅದೇ ಮೀಟರ್, ಅರ್ಧಕ್ಕೂ ಕಡಿಮೆ. ಯಾಕೆ ಅಂದರೆ, ನೀರು ಮೆಂಬ್ರೇನ್ ದಾಟುವುದು ಒತ್ತಡದಿಂದ. ಉಪ್ಪು ಮಾತ್ರ ಒತ್ತಡ ಇರಲಿ ಬಿಡಲಿ ತನ್ನ ಪಾಡಿಗೆ ಸ್ವಲ್ಪ ಸ್ವಲ್ಪ ಸೋರುತ್ತಲೇ ಇರುತ್ತದೆ. ಮೋಟಾರ್ ನಿಧಾನಕ್ಕೆ ತಿರುಗುವಾಗ ನೀರು ಕಡಿಮೆ ಬರುತ್ತದೆ, ಉಪ್ಪು ಅಷ್ಟೇ ಬರುತ್ತದೆ, ಹಾಗಾಗಿ ನೀರು ಉಪ್ಪಾಗುತ್ತದೆ. ಪರಿಹಾರ ಸುಲಭ. ಪ್ರೆಶರ್ 6 ಕೆಜಿ (ಚದರ ಸೆಂಟಿಮೀಟರ್‌ಗೆ) ದಾಟುವವರೆಗೆ ಬರುವ ನೀರು ವಾಪಸ್ ರಾ ಟ್ಯಾಂಕಿಗೇ ಹೋಗುವಂತೆ ಒಂದು ವಾಲ್ವ್ ಇಡಿಸಿ. ನಿಮ್ಮ ನೀರಿಗೆ ಗೇಜ್‌ನಲ್ಲಿ 8-10 ಕೆಜಿ ಬಂದರೆ ಸಾಕು. 1,000 ಟಿಡಿಎಸ್‌ಗೆ ಅಂದಾಜು 0.7 ಕೆಜಿ ಒತ್ತಡ ಉಪ್ಪನ್ನು ಮೀರೋಕೇ ಬೇಕು, ಅದರ ಮೇಲೆ ಇರುವುದೆಲ್ಲ ನೀರು ತಳ್ಳೋಕೆ.

ಇದೇ ಕಾರಣಕ್ಕೆ, ಮೇಲೆ ಒಬ್ಬರು ಕುಮಟಾದಿಂದ ಸಮುದ್ರದ ನೀರಿಗೂ ಇದೇ ಪ್ಲಾಂಟ್ ಆಗುತ್ತಾ ಅಂತ ಕೇಳಿದ್ದಾರಲ್ಲ, ಆಗುವುದಿಲ್ಲ. ಸಮುದ್ರ ಅಂದರೆ 35,000 ಟಿಡಿಎಸ್, ಉಪ್ಪನ್ನು ಮೀರೋಕೇ 25 ಕೆಜಿಗಿಂತ ಜಾಸ್ತಿ ಬೇಕು, ಪ್ಲಾಂಟ್ ಓಡುವುದು 55-60 ಕೆಜಿ ಮೇಲೆ. ಪಂಪ್, ಪೈಪ್, ಮೆಂಬ್ರೇನ್ ಎಲ್ಲ ಬೇರೆ, ರೇಟೂ ಬೇರೆ. ಬೇಸಿಗೆಯಲ್ಲಿ ಮಾತ್ರ ಉಪ್ಪಾಗುವ ಬಾವಿ ನೀರಾದರೆ ಬೇರೆ ಮಾತು, ಟಿಡಿಎಸ್ ಅಳೆದು ಹೇಳಿ.

ಸೋಲಾರ್ ಆರ್‌ಓ ಕೆಡುವುದು ಸೋಲಾರ್‌ನಿಂದ ಅಲ್ಲ. ನಿಂತು ನಿಂತು ಕೆಡುತ್ತದೆ. ಸಂಜೆ ಬಿಸಿಲು ಇಳಿದು ಪಂಪ್ ತಾನಾಗೇ ನಿಂತಾಗ ಮೆಂಬ್ರೇನ್ ಒಳಗೆ ಎರಡು ಪಟ್ಟು ಉಪ್ಪಿನ ನೀರು ನಿಂತಿರುತ್ತದೆ. ರಾತ್ರಿಯೆಲ್ಲ ಅದು ಅಲ್ಲೇ ಸುಣ್ಣ ಕಟ್ಟುತ್ತದೆ. ರಿಜೆಕ್ಟ್ ಪೈಪಿನ ತುದಿ ಉಗುರಿನಿಂದ ಕೆರೆದು ನೋಡಿ, ಬಿಳಿ ಪುಡಿ ಉದುರಿದರೆ ಒಳಗೂ ಅದೇ ನಡೆಯುತ್ತಿದೆ ಅಂತ ಅರ್ಥ. ಅದಕ್ಕೆ ಮೋಟಾರ್ ನಿಲ್ಲುವ ಮುಂಚೆ ಐದು ನಿಮಿಷ ಒಳ್ಳೆ ನೀರಿನಿಂದ ಫ್ಲಶ್ ಆಗಬೇಕು. ಒಳ್ಳೆ ನೀರಿನ ಟ್ಯಾಂಕ್ ಎತ್ತರದಲ್ಲಿದ್ದರೆ ಒಂದು ವಾಲ್ವ್ ತಿರುಗಿಸಿದರೆ ತಾನೇ ಹರಿಯುತ್ತದೆ, ಕರೆಂಟೇ ಬೇಡ. ಊರಿಂದ ವಾರಗಟ್ಟಲೆ ಹೋಗುವುದಿದ್ದರೆ ಹಾಗೇ ಬಿಟ್ಟು ಹೋಗಬೇಡಿ, ಸರ್ವೀಸ್‌ನವರಿಂದ ಮೆಂಬ್ರೇನ್ ಕೆಡದಂತೆ ದ್ರಾವಣ ತುಂಬಿಸಿ.

ನಮ್ಮ ಭಾಗದ ನೀರು ಗಡಸು. ಆಂಟಿಸ್ಕೇಲಂಟ್ (ಸುಣ್ಣ ಕಟ್ಟದಂತೆ ಹಾಕುವ ರಾಸಾಯನಿಕ) ಡೋಸಿಂಗ್ ಪಂಪ್ ಇಲ್ಲದ ಪ್ಲಾಂಟ್ ಕಡಿಮೆಗೆ ಸಿಗುತ್ತದೆ ಅಂತ ತಗೋಬೇಡಿ. ಮರಳಿನ ಫಿಲ್ಟರ್, ಕಾರ್ಬನ್ ಫಿಲ್ಟರ್, ಆಮೇಲೆ 5 ಮೈಕ್ರಾನ್ ಕಾರ್ಟ್ರಿಜ್ ಇರಲೇಬೇಕು. ಕಾರ್ಟ್ರಿಜ್‌ಗೆ ಮುಂಚೆ ಒಂದು, ಆಮೇಲೆ ಒಂದು ಗೇಜ್ ಇಡಿಸಿ. ಎರಡರ ನಡುವೆ ಒಂದು ಕೆಜಿ ವ್ಯತ್ಯಾಸ ಬಂದ ದಿನ ಕಾರ್ಟ್ರಿಜ್ ಬದಲಿಸಿ, ತಿಂಗಳ ಲೆಕ್ಕ ಬೇಡ. ರಾ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುವ ಅಭ್ಯಾಸ ಇದ್ದರೆ ಬಿಡಿ, ಕ್ಲೋರಿನ್ ಮೆಂಬ್ರೇನನ್ನು ತಿಂದುಹಾಕುತ್ತದೆ. ಇನ್ನೊಂದು, ನಿಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಕಪ್ಪು ಟ್ಯಾಂಕು, ಕಪ್ಪು ಪೈಪಿನ ನೀರು ಕೈ ಇಡಲಾಗದಷ್ಟು ಕಾಯುತ್ತದೆ. ಮೆಂಬ್ರೇನ್ ತಡೆಯುವುದು 45 ಡಿಗ್ರಿವರೆಗೆ ಮಾತ್ರ. ಟ್ಯಾಂಕ್ ನೆರಳಲ್ಲಿರಲಿ, ಪೈಪ್ ಹೂಳಿ. ಇಲಿ ಕಾಟವೂ ತಪ್ಪುತ್ತದೆ.

ರಿಜೆಕ್ಟ್ ನೀರು ದಿನಕ್ಕೆ 500 ಲೀಟರ್ ಬರುತ್ತದೆ, 5,000ದ ಮೇಲೆ ಟಿಡಿಎಸ್. ಸಂಡಾಸಿಗೆ, ಕೊಟ್ಟಿಗೆಯ ಕಲ್ಲು ಹಾಸು ತೊಳೆಯೋಕೆ ಬಳಸಿ. ಆದರೆ ತೊಳೆದ ನೀರು ತಿಪ್ಪೆಗೆ ಹೋಗದಂತೆ ನೋಡಿಕೊಳ್ಳಿ, ಗೊಬ್ಬರದ ಜೊತೆ ಉಪ್ಪು ಹೊಲಕ್ಕೆ ಹೋಗುತ್ತದೆ. ಉಳಿದದ್ದು ದಪ್ಪ ಶೀಟ್ ಹಾಸಿದ ಆಳವಿಲ್ಲದ ಹೊಂಡದಲ್ಲಿ ಆರಲಿ. ಪ್ಯಾನೆಲ್ ತೊಳೆಯೋಕೆ ಮಾತ್ರ ಬೇಡ, ಗಾಜಿನ ಮೇಲೆ ಬಿಳಿ ಕಲೆ ಕೂತು ಬಿಡುತ್ತದೆ.

ಗಾಜು ಮುಚ್ಚಿದ ತೊಟ್ಟಿಯಲ್ಲಿ ಬಿಸಿಲಿಗೇ ನೀರು ಆವಿ ಮಾಡಿ ಹಿಡಿಯುವುದು ಸುಲಭ ಅಲ್ವಾ ಅಂತ ಇನ್ನೊಬ್ಬರು ಹಾಕಿದ್ದಾರೆ. ಹಳೇ ಉಪಾಯ. ಚಿಲಿ ದೇಶದ ಲಾಸ್ ಸಲಿನಾಸ್‌ನಲ್ಲಿ 1872ರಲ್ಲೇ ಗಣಿಯ ಹೇಸರಗತ್ತೆಗಳಿಗೆ ಹೀಗೆ ನೀರು ಮಾಡಿದ್ದರು, ಗುಜರಾತಿನ ಅವಾನಿಯಾ ಹಳ್ಳಿಯಲ್ಲೂ 1978ರಲ್ಲಿ ಹಾಕಿದ್ದರು. ತೊಂದರೆ ಏನೆಂದರೆ ಒಂದು ಚದರ ಮೀಟರ್‌ಗೆ ದಿನಕ್ಕೆ 3-4 ಲೀಟರ್ ಅಷ್ಟೇ. 150 ಲೀಟರ್ ಬೇಕಾದರೆ 40 ಚದರ ಮೀಟರ್‌ಗೂ ಜಾಸ್ತಿ ಗಾಜು ಹಾಕಬೇಕು, ಮಂಗ ಬಂದರೆ ಮುಗಿಯಿತು. ಮನೆಯ ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾಡಿಕೊಳ್ಳೋಕೆ ಸಣ್ಣದೊಂದು ಮಾಡಿ, ಖುಷಿಯಾಗುತ್ತದೆ.

ಬರೀ ಕುಡಿಯುವ ನೀರಿಗೇ ಆದರೆ ಆರ್‌ಓಗಿಂತ ಮುಂಚೆ ನಿಮ್ಮ ಮನೆ ಮಾಳಿಗೆ ನೋಡಿ. 100 ಚದರ ಮೀಟರ್ ಆರ್‌ಸಿಸಿ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ, ಸೋರಿದ್ದು ಆರಿದ್ದು ಕಳೆದರೂ 48,000 ಲೀಟರ್ ಸಿಗುತ್ತದೆ. ಆರು ಜನ ಕುಡಿಯೋಕೆ ತಲಾ 5 ಲೀಟರ್ ಅಂದರೆ ವರ್ಷಕ್ಕೆ 11,000 ಲೀಟರ್. ಮುಚ್ಚಿದ ಸಂಪ್ ಒಂದು, ಮೊದಲ ಮಳೆ ಹೊರಗೆ ಬಿಡುವ ಪೈಪ್ ಒಂದು, ಫಿಲ್ಟರ್ ಒಂದು. ನಾನಾದರೆ ಸಂಪ್ ಮೊದಲು ಕಟ್ಟಿಸುತ್ತೇನೆ, ಆರ್‌ಓ ಆಮೇಲೆ. ದನಗಳಿಗೂ ಸೇರಿಸಿ ಬೇಕು ಅನ್ನುವವರಿಗೆ ಎರಡೂ ಇರಲಿ.

ದುಡ್ಡು ಕೊಡುವ ಮುಂಚೆ ಲ್ಯಾಬ್ ರಿಪೋರ್ಟ್ ಮಾಡಿಸಿ, ಇದು ಬಿಡಬೇಡಿ. ಟಿಡಿಎಸ್ ಮೀಟರ್‌ಗೆ ಫ್ಲೋರೈಡ್ ಗೊತ್ತಾಗುವುದಿಲ್ಲ, ನಮ್ಮ ರಾಯಚೂರು, ಕೊಪ್ಪಳ ಕಡೆ ಅದೇ ದೊಡ್ಡ ಕಾಟ. ಕುಡಿಯುವ ನೀರಿಗೆ ಫ್ಲೋರೈಡ್ ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5. ನೈಟ್ರೇಟ್ 45 ದಾಟಬಾರದು. ಆರ್‌ಓ ನೀರು ಸಪ್ಪೆ ಅಂತ ಬೋರ್ ನೀರು ಬೆರೆಸುವವರು ಫ್ಲೋರೈಡ್ ಎಷ್ಟಿದೆ ಅಂತ ತಿಳಿದೇ ಬೆರೆಸಬೇಕು. ರಿಪೋರ್ಟ್‌ನಲ್ಲಿ ಟಿಡಿಎಸ್, ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಸೋಡಿಯಂ, ಬೈಕಾರ್ಬನೇಟ್ ಇಷ್ಟೂ ಇರಲಿ. ಬೋರ್ ಅರ್ಧ ಗಂಟೆ ಓಡಿಸಿದ ಮೇಲೆ ಬಾಟಲಿ ತುಂಬಿ. ರಿಪೋರ್ಟ್ ಬಂದ ಮೇಲೆ ಫೋಟೋ ಇಲ್ಲೇ ಹಾಕಿ, ಡೀಲರ್ ಕೊಟೇಶನ್ನೂ ಹಾಕಿ. ಯಾವುದು ಉಳಿಸಬೇಕು, ಯಾವುದು ಹೊಡೆದು ಹಾಕಬೇಕು ಅಂತ ಒಂದೊಂದೇ ಸಾಲು ನೋಡೋಣ.