ಯುಕೆಜಿಯಲ್ಲಿ ಇನ್ನೊಂದು ವರ್ಷ ಉಳಿದರೆ ಮಗುವಿನ ಒಂದು ವರ್ಷ ಹಾಳಾಗುತ್ತದೆಯೇ?

ಜೂನ್ 1ಕ್ಕೆ ಮಗಳಿಗೆ 5 ವರ್ಷ 6 ತಿಂಗಳು, ಯುಕೆಜಿ ಮುಗಿದಿದೆ, ಕನ್ನಡ ಇಂಗ್ಲಿಷ್ ಎರಡನ್ನೂ ಓದುತ್ತಾಳೆ, ಆದರೂ ಶಾಲೆಯವರು ಇನ್ನೊಂದು ವರ್ಷ ಯುಕೆಜಿಯಲ್ಲಿಯೇ ಇರಲಿ ಎನ್ನುತ್ತಿದ್ದಾರೆ, ಒಂದು ವರ್ಷ ಸುಮ್ಮನೆ ಹಾಳಾಗುತ್ತದಲ್ಲ, ವಯಸ್ಸಿನ ಬಗ್ಗೆ ತಕರಾರು ಮಾಡದ ಶಾಲೆ ಎಲ್ಲಾದರೂ ಸಿಗಬಹುದೇ ಎಂದು ನೀವು ಕೇಳಿದ್ದೀರಿ. 2016ರಲ್ಲಿ ನಾನು ಅಂಥದ್ದೇ ಶಾಲೆಯನ್ನು ಹುಡುಕಿಕೊಂಡು ಹೋಗಿದ್ದೆ. ಸಿಕ್ಕಿತು. ಅದರಿಂದ ನನ್ನ ಮಗನಿಗೆ ಏನಾಯಿತು ಎಂಬುದನ್ನು ಹೇಳುತ್ತೇನೆ.

ಅವನು ಡಿಸೆಂಬರ್‌ನಲ್ಲಿ ಹುಟ್ಟಿದವನು. ಯುಕೆಜಿ ಮುಗಿಯುವ ಹೊತ್ತಿಗೆ ಕಾಗುಣಿತವನ್ನು ತಪ್ಪಿಲ್ಲದೆ ಬರೆಯುತ್ತಿದ್ದ, ನೂರರವರೆಗೆ ಅಂಕಿ ಬರೆಯುತ್ತಿದ್ದ, ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಸ್ಕೂಟರಿನ ಮುಂದೆ ನಿಂತು ಅಂಗಡಿಗಳ ಬೋರ್ಡುಗಳನ್ನು ಒಂದೊಂದಾಗಿ ಓದುತ್ತಿದ್ದ. ಮಾರ್ಚ್ ತಿಂಗಳ ಪೋಷಕರ ಸಭೆಯಲ್ಲಿ ಅವನ ಮಿಸ್ ನನ್ನನ್ನು ಪಕ್ಕಕ್ಕೆ ಕರೆದು, "ಸರ್, ಓದುವುದರಲ್ಲಿ ಏನೂ ತೊಂದರೆ ಇಲ್ಲ. ಆದರೆ ಮಗು ಇನ್ನೂ ಎಳೆಯದು. ಇನ್ನೊಂದು ವರ್ಷ ನಮ್ಮ ಹತ್ತಿರವೇ ಇರಲಿ" ಎಂದರು. ಅಂಗಿಯ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ, ಊಟದ ಡಬ್ಬಿ ತೆರೆಯಲು ಆಯಾ ಬೇಕು, ಒಂದಕ್ಕೆ ಹೋಗಬೇಕಾದರೆ ಬಾಯಿಬಿಟ್ಟು ಹೇಳುವುದಿಲ್ಲ, ಆಟದಲ್ಲಿ ತನ್ನ ಸರದಿ ಬರುವವರೆಗೆ ಕಾಯಲಾರದೆ ಅಳುತ್ತಾನೆ ಎಂದು ಬೆರಳು ಮಡಚಿ ಎಣಿಸಿದರು.

ನಾನು ತಪ್ಪು ಮಾಡಿದ್ದು ಆ ಐದು ನಿಮಿಷದಲ್ಲಿ. ಒಂದನೆಯ ತರಗತಿಗೆ ಬೇಗ ಸೇರಿಸಿದ್ದೇ ತಪ್ಪು ಎಂದು ಬಹಳ ಕಾಲ ಅಂದುಕೊಂಡಿದ್ದೆ, ಆದರೆ ಅದು ಆಮೇಲಿನದು. ಆ ಮಿಸ್ ಎರಡು ವರ್ಷ, ದಿನಕ್ಕೆ ನಾಲ್ಕು ಗಂಟೆ, ನನ್ನ ಮಗನನ್ನು ಬೇರೆ ಮಕ್ಕಳ ನಡುವೆ ನೋಡಿದ್ದರು. ನಾನು ಅವನನ್ನು ಮನೆಯಲ್ಲಿ, ಮೂವರು ದೊಡ್ಡವರ ನಡುವೆ, ಪುಸ್ತಕದ ಮುಂದೆ ಮಾತ್ರ ನೋಡಿದ್ದೆ. ಮನೆಯಲ್ಲಿ ಅವನು ಕೇಳುವ ಮೊದಲೇ ನನ್ನ ಅಮ್ಮ ನೀರು ಕೊಡುತ್ತಿದ್ದರು, ನನ್ನ ಹೆಂಡತಿ ಗುಂಡಿ ಹಾಕುತ್ತಿದ್ದಳು, ನಾನು ಚಪ್ಪಲಿ ತೊಡಿಸುತ್ತಿದ್ದೆ. ಹೀಗಿರುವಾಗ ಅವನಿಗೆ ಏನು ಬರುವುದಿಲ್ಲ ಎಂಬುದು ನಮಗೆ ಕಾಣುವ ಸಂದರ್ಭವೇ ಇರಲಿಲ್ಲ. ಮಿಸ್ ಹೇಳಿದ ನಾಲ್ಕು ಸಂಗತಿಗಳನ್ನು ನಾನು ಲಾಲನೆಯ ದೋಷಗಳೆಂದು ಬಗೆದೆ, ದೊಡ್ಡ ತರಗತಿಗೆ ಹೋದರೆ ತಾನಾಗಿ ಸರಿಹೋಗುತ್ತವೆ ಎಂದುಕೊಂಡೆ. ಇನ್ನೊಂದು ವರ್ಷದ ಶುಲ್ಕಕ್ಕಾಗಿ ಹೀಗೆ ಹೇಳುತ್ತಿದ್ದಾರೆ ಎಂಬ ಅನುಮಾನವೂ ಬಂತು. ಓದು ಬರಹ ಬಂದರೆ ಮಗು ಶಾಲೆಗೆ ಸಿದ್ಧ ಎಂದು ನಂಬಿದ್ದೆನಾದ್ದರಿಂದ, ಆಕೆ ಹೇಳಿದ್ದು ಕಿವಿಗೆ ಬಿತ್ತೇ ಹೊರತು ಮನಸ್ಸಿಗೆ ಇಳಿಯಲಿಲ್ಲ. ಏಪ್ರಿಲ್ ತಿಂಗಳಿಡೀ ಪ್ರತಿ ರಾತ್ರಿ ಊಟವಾದ ಮೇಲೆ ಅವನನ್ನು ಕೂರಿಸಿ ಮತ್ತಷ್ಟು ಬರೆಸಿದೆ. ಇನ್ನೊಂದು ಖಾಸಗಿ ಶಾಲೆಯವರು ಬರೆಸಿ ನೋಡಿ, ಜನ್ಮದಿನಾಂಕದ ಬಗ್ಗೆ ಹೆಚ್ಚು ಮಾತಾಡದೆ ಒಂದನೆಯ ತರಗತಿಗೆ ಸೇರಿಸಿಕೊಂಡರು.

ಜೂನ್ ಎರಡನೆಯ ವಾರದಿಂದ ಊಟದ ಡಬ್ಬಿ ಹಾಗೆಯೇ ವಾಪಸು ಬರತೊಡಗಿತು. ಚಪಾತಿ ಹಾಕಿದರೂ ಅಷ್ಟೆ, ಅವನಿಗೆ ಇಷ್ಟವಾದ ಅವಲಕ್ಕಿ ಹಾಕಿದರೂ ಅಷ್ಟೆ. ಏಕೆಂದು ಕೇಳಿದರೆ "ಹಸಿವಾಗಲಿಲ್ಲ" ಎನ್ನುತ್ತಿದ್ದ. ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ವಾರಕ್ಕೆ ಎರಡು ದಿನ ಒದ್ದೆ ಚಡ್ಡಿ. ನಾವು ಬೈದೆವು, ರಮಿಸಿದೆವು, ಜಂತುಹುಳುವಿನ ಔಷಧಿ ಕುಡಿಸಿದೆವು. ಆಗಸ್ಟ್‌ನಲ್ಲಿ ಒಂದು ದಿನ ಯಾವುದೋ ದಾಖಲೆಯ ಪ್ರತಿ ಕೊಡಲು ಶಾಲೆಗೆ ಹೋದಾಗ ಊಟದ ಗಂಟೆ ಹೊಡೆದಿತ್ತು. ಕಿಟಕಿಯಿಂದ ಅವನು ಕಂಡ. ಎರಡೂ ಬದಿಗೆ ಕ್ಲಿಪ್ ಇದ್ದ ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಹೆಬ್ಬೆರಳುಗಳಿಂದ ಕ್ಲಿಪ್ಪನ್ನು ಮೇಲಕ್ಕೆ ಒತ್ತುತ್ತಿದ್ದ. ಅದು ಕದಲಲಿಲ್ಲ. ಸುತ್ತ ನೋಡಿದ. ಮತ್ತೆ ಒತ್ತಿದ. ಆಮೇಲೆ ಡಬ್ಬಿಯನ್ನು ಚೀಲದೊಳಗೆ ಹಾಕಿ, ಜಿಪ್ ಎಳೆದು, ನೀರು ಕುಡಿದು, ಕೈಕಟ್ಟಿ ಕುಳಿತ. ನಲವತ್ತಕ್ಕೂ ಹೆಚ್ಚು ಮಕ್ಕಳಿದ್ದ ಆ ಕೋಣೆಯಲ್ಲಿ ಆಯಾ ಇರಲಿಲ್ಲ, ಮತ್ತು "ಮಿಸ್, ತೆಗೆದುಕೊಡಿ" ಎಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ. ಎರಡು ತಿಂಗಳು ನನ್ನ ಮಗ ಹೀಗೆ ಹಸಿದು ಕುಳಿತಿದ್ದ. ಮಿಸ್ ಬೆರಳು ಮಡಚಿ ಎಣಿಸಿದ್ದರಲ್ಲಿ ಎರಡನೆಯದು ಇದೇ ಆಗಿತ್ತು.

ಮರುದಿನವೇ ಸುಲಭವಾಗಿ ತೆರೆಯುವ ಡಬ್ಬಿ ತಂದೆ. ಅಷ್ಟಕ್ಕೇ ಸಮಸ್ಯೆ ಮುಗಿಯಿತೆಂದು ಭಾವಿಸಿದ್ದರಿಂದ ಇನ್ನೂ ಎರಡು ವರ್ಷ ಕಳೆದುಹೋದವು. ಬೇಕಾಗಿದ್ದದ್ದು ಬೇರೆ ಡಬ್ಬಿಯಲ್ಲ, ಕೇಳುವ ಧೈರ್ಯ ಬರುವವರೆಗಿನ ಸಮಯ. ಎರಡನೆಯ ತರಗತಿಯಲ್ಲಿ ಅಕ್ಷರ ಕೆಟ್ಟಿತು, ಟ್ಯೂಷನ್ ಹಚ್ಚಿದೆವು. ಮೂರನೆಯ ತರಗತಿಯಲ್ಲಿ ಶಿಕ್ಷಕಿ ಕರೆಸಿ, ಹುಡುಗ ಐದು ನಿಮಿಷ ಒಂದೆಡೆ ಕೂರುವುದಿಲ್ಲ, ಹೇಳಿದ್ದು ತಲೆಗೆ ಹೋಗುವುದಿಲ್ಲ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರಬಹುದು, ವೈದ್ಯರಿಗೆ ತೋರಿಸಿ ಎಂದರು. ಮಕ್ಕಳ ವೈದ್ಯರು ಅವನೊಡನೆ ಬಹಳ ಹೊತ್ತು ಮಾತಾಡಿ, ಜನ್ಮದಿನಾಂಕ ನೋಡಿ, "ಇವನ ಪಕ್ಕದಲ್ಲಿ ಕೂರುವ ಹುಡುಗನ ವಯಸ್ಸೆಷ್ಟು?" ಎಂದು ಕೇಳಿದರು. ಇವನಿಗಿಂತ ಹನ್ನೊಂದು ತಿಂಗಳು ದೊಡ್ಡವನು. ಇಡೀ ತರಗತಿಯಲ್ಲಿ ನನ್ನ ಮಗನೇ ಎಲ್ಲರಿಗಿಂತ ಚಿಕ್ಕವನು. ವೈದ್ಯರು ಯಾವ ಕಾಯಿಲೆಯ ಹೆಸರನ್ನೂ ಬರೆಯಲಿಲ್ಲ.

ಅವರು ಏಕೆ ಹಾಗೆ ಕೇಳಿದರೆಂಬುದು ಆ ವಿಷಯದ ಬಗ್ಗೆ ಓದಿದ ಮೇಲೆ ಅರ್ಥವಾಯಿತು. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಶಾಲಾ ಪ್ರವೇಶಕ್ಕೆ ಸೆಪ್ಟೆಂಬರ್ 1ರೊಳಗೆ ವಯಸ್ಸು ತುಂಬಿರಬೇಕೆಂಬ ಗಡುವು ಇರುವ ಅಮೆರಿಕದ ರಾಜ್ಯಗಳ ಮಕ್ಕಳನ್ನು ಪರಿಶೀಲಿಸಿತು. ಆಗಸ್ಟ್‌ನಲ್ಲಿ ಹುಟ್ಟಿ ತರಗತಿಯಲ್ಲಿ ಅತಿ ಚಿಕ್ಕವರಾದ ಮಕ್ಕಳಲ್ಲಿ 10,000ಕ್ಕೆ ಸುಮಾರು 85 ಮಂದಿಗೆ ಎಡಿಎಚ್‌ಡಿ ಇದೆಯೆಂದು ಗುರುತಿಸಲಾಗಿತ್ತು; ಸೆಪ್ಟೆಂಬರ್‌ನಲ್ಲಿ ಹುಟ್ಟಿ ಅತಿ ದೊಡ್ಡವರಾದವರಲ್ಲಿ ಸುಮಾರು 64 ಮಂದಿಗೆ. ಆ ಗಡುವು ಇಲ್ಲದ ರಾಜ್ಯಗಳಲ್ಲಿ ಈ ಎರಡು ತಿಂಗಳ ನಡುವೆ ಅಂಥ ಅಂತರವೇ ಇರಲಿಲ್ಲ. ಅಂದರೆ ಕೆಲವು ಮಕ್ಕಳ ವಯಸ್ಸನ್ನೇ ನಾವು ರೋಗವೆಂದು ಓದುತ್ತಿದ್ದೇವೆ. ನಿಜವಾಗಿಯೂ ಎಡಿಎಚ್‌ಡಿ ಇರುವ ಮಕ್ಕಳಿದ್ದಾರೆ, ಅವರಿಗೆ ಚಿಕಿತ್ಸೆ ಬೇಕೇ ಬೇಕು. ನಾನು ಹೇಳುತ್ತಿರುವುದು ನನ್ನ ಮಗನಂಥವರ ಮಾತು.

ಕೊನೆಗೆ ಶಾಲೆ ಬದಲಿಸಿ ಮೂರನೆಯ ತರಗತಿಯನ್ನೇ ಮತ್ತೊಮ್ಮೆ ಓದಿಸಿದೆವು. ಯುಕೆಜಿಯಲ್ಲಿ ಉಳಿಸಿದ್ದರೆ ಐದು ವರ್ಷದ ಮಗುವಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಎಂಟು ವರ್ಷದವನಿಗೆ ಗೊತ್ತಾಯಿತು. ಬೀದಿಯ ಗೆಳೆಯರೆಲ್ಲ ನಾಲ್ಕನೆಯ ತರಗತಿಗೆ ಹೋದಾಗ, "ನಾನು ಫೇಲಾ, ಅಪ್ಪಾ?" ಎಂದು ಕೇಳಿದ. ಇಲ್ಲ, ತಪ್ಪು ನನ್ನದು ಎಂದು ಹೇಳಿದೆ, ಆದರೆ ಆ ವರ್ಷವೆಲ್ಲ ಅವನು ಸಂಜೆ ಆಟಕ್ಕೆ ಹೋಗಲಿಲ್ಲ. ನೀವು ಉಳಿಸಬೇಕೆಂದಿರುವ ಆ ಒಂದು ವರ್ಷ ನಮ್ಮಲ್ಲಿ ಉಳಿಯಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯಲ್ಲಿರುವ "ಹಾಳು" ಎಂಬ ಮಾತನ್ನೇ ನಾನು ಒಪ್ಪುವುದಿಲ್ಲ. ಐದೂವರೆ ವರ್ಷದ ಮಗುವಿನ ವರ್ಷವನ್ನು ತರಗತಿಯ ಸಂಖ್ಯೆಯಿಂದ ಅಳೆಯಲಾಗದು. ಡೆನ್ಮಾರ್ಕಿನ ಮಕ್ಕಳ ಬಗ್ಗೆ ಸಂಶೋಧಕರಾದ ಥಾಮಸ್ ಡೀ ಮತ್ತು ಹ್ಯಾನ್ಸ್ ಹೆನ್ರಿಕ್ ಸೀವರ್ಟ್‌ಸನ್ ನಡೆಸಿದ ಅಧ್ಯಯನದ ಪ್ರಕಾರ, ಶಾಲೆಗೆ ಒಂದು ವರ್ಷ ತಡವಾಗಿ ಸೇರಿದ ಮಕ್ಕಳಲ್ಲಿ ಗಮನ ನಿಲ್ಲದಿರುವುದು, ಅತಿ ಚಟುವಟಿಕೆ ಇವು ಏಳನೆಯ ವಯಸ್ಸಿನಲ್ಲಿ ಗಣನೀಯವಾಗಿ ಕಡಿಮೆ ಇದ್ದವು, ಹನ್ನೊಂದನೆಯ ವಯಸ್ಸಿನಲ್ಲಿಯೂ ಆ ವ್ಯತ್ಯಾಸ ಉಳಿದಿತ್ತು. ಇಲ್ಲಿ ಒಂದು ಎಚ್ಚರಿಕೆ ಇದೆ. ಆ ಮಕ್ಕಳು ಆ ವರ್ಷ ಇದ್ದ ದೇಶದಲ್ಲಿ ಸರ್ಕಾರದ ನೆರವಿನ ಒಳ್ಳೆಯ ಶಿಶುಪಾಲನಾ ಕೇಂದ್ರಗಳಿವೆ. ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ ಬಡ ಕುಟುಂಬಗಳ 2,990 ಮಕ್ಕಳನ್ನು ಅನುಸರಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫಲಿತಾಂಶ ತಿರುವುಮುರುವಾಗಿದೆ: ಸರ್ಕಾರಿ ಶಾಲಾಪೂರ್ವ ತರಗತಿಯಲ್ಲಿ ಸೀಟು ಸಿಕ್ಕವರು ಆರನೆಯ ತರಗತಿಯ ಹೊತ್ತಿಗೆ ಸೀಟು ಸಿಗದವರಿಗಿಂತ ಓದಿನಲ್ಲಿ ಹಿಂದಿದ್ದರು. ಎಳೆಯ ಮಕ್ಕಳನ್ನು ಕೂರಿಸಿ ಪಾಠ ಹೇಳುವುದೇ ಅಲ್ಲಿ ಅತಿಯಾಗಿತ್ತು ಎಂಬುದು ಆ ತಂಡದ ಡೇಲ್ ಫರಾನ್ ಅವರ ಅಭಿಪ್ರಾಯ. ಇನ್ನೊಂದು ವರ್ಷ ಅದೇ ಕಾಪಿ ಪುಸ್ತಕವನ್ನು ತುಂಬಿಸುವ ಯುಕೆಜಿಯಾದರೆ ಅಲ್ಲಿ ಉಳಿಸಬೇಡಿ ಎಂದು ನಾನು ಹೇಳುವುದು ಇದಕ್ಕೇ.

ನಿಯಮದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಒಂದನೆಯ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ಆದೇಶ ನಮ್ಮ ರಾಜ್ಯದಲ್ಲಿ 2022ರಲ್ಲಿಯೇ ಬಂದಿತ್ತು. 2025ರ ಏಪ್ರಿಲ್‌ನಲ್ಲಿ ಆಗ ಶಾಲಾ ಶಿಕ್ಷಣ ಸಚಿವರಾಗಿದ್ದ ಮಧು ಬಂಗಾರಪ್ಪನವರು ಯುಕೆಜಿ ಮುಗಿಸಿದ ಮಕ್ಕಳಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದು 2025-26ನೆಯ ಸಾಲಿಗೆ ಮಾತ್ರ ಎಂದು ಆಗಲೇ ಹೇಳಿದ್ದರು. ಪ್ರತಿ ವರ್ಷ ಸಡಿಲಿಕೆಗಾಗಿ ಒತ್ತಾಯಿಸುವ ಪೋಷಕರ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ನಾನು ಅವರ ಪರ ನಿಲ್ಲಲಾರೆ. ಅಫಿಡವಿಟ್ ಮಾಡಿಸಿ ಜನ್ಮದಿನಾಂಕ ತಿದ್ದಿಸುವ ಸಲಹೆ ಯಾರಾದರೂ ಕೊಟ್ಟರೆ ಅವರ ಮಾತು ಕೇಳಬೇಡಿ.

ನಿಮ್ಮ ಮನೆಯ ಹತ್ತಿರ ಚೆನ್ನಾಗಿ ನಡೆಯುವ ಅಂಗನವಾಡಿ ಇದ್ದರೆ ಹೋಗಿ ನೋಡಿ. ಆರು ವರ್ಷದವರೆಗಿನ ಮಕ್ಕಳಿಗೆ ಅಲ್ಲಿ ಅವಕಾಶವಿದೆ, ಮತ್ತು ಅದು ಬಡವರ ಮಕ್ಕಳಿಗೆ ಮಾತ್ರ ಎಂಬ ಭಾವನೆಯನ್ನು ನಾವು ಬಿಡಬೇಕು. ತಮಿಳುನಾಡಿನ ಅಂಗನವಾಡಿಗಳಿಗೆ ಅರ್ಧ ದಿನದ ಒಬ್ಬ ಕಾರ್ಯಕರ್ತೆಯನ್ನು ಹೆಚ್ಚುವರಿಯಾಗಿ ಕೊಟ್ಟು ನೋಡಿದ ಪ್ರಯೋಗದಲ್ಲಿ ಕಲಿಕೆಯ ಸಮಯ ಎರಡರಷ್ಟಾಯಿತು, ಮಕ್ಕಳ ಭಾಷೆ ಮತ್ತು ಗಣಿತ ಸುಧಾರಿಸಿತು, ತೀವ್ರ ಅಪೌಷ್ಟಿಕತೆಯೂ ಇಳಿಯಿತು. ಮಗುವಿನ ಕಡೆ ಗಮನ ಕೊಡುವ ಒಂದು ಜೊತೆ ಕೈ ಹೆಚ್ಚಾದರೆ ಎಷ್ಟು ವ್ಯತ್ಯಾಸವಾಗುತ್ತದೆಂದು ಆ ಕಿಟಕಿಯ ಬಳಿ ನಿಂತವನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಗನವಾಡಿ ಬೇಡವಾದರೆ ಮರಳು, ನೀರು, ಜೋಕಾಲಿ, ಕಥೆ ಇರುವ ಶಾಲೆಯನ್ನು ಹುಡುಕಿ. ಅದೂ ಇಲ್ಲದಿದ್ದರೆ ಈಗಿನ ಶಾಲೆಯಲ್ಲಿಯೇ ಇರಲಿ, ಬರೆಯುವ ಹೋಮ್‌ವರ್ಕ್ ಬೇಡವೆಂದು ಕೇಳಿಕೊಳ್ಳಿ.

ಅದಕ್ಕೆ ಮೊದಲು ಈ ವಾರವೇ ಮಗಳ ಯುಕೆಜಿ ಮಿಸ್ ಅವರನ್ನು ಕಂಡು, ಅರ್ಧ ಗಂಟೆ ಬಿಡುವು ಕೇಳಿ ಕುಳಿತುಕೊಳ್ಳಿ. ಪುಸ್ತಕದ ಮಾತು ತೆಗೆಯಬೇಡಿ. ಊಟದ ಹೊತ್ತಿನಲ್ಲಿ ಮಗಳು ಏನು ಮಾಡುತ್ತಾಳೆ, ಶೌಚಾಲಯಕ್ಕೆ ಹೋಗಬೇಕಾದಾಗ ಯಾರಿಗೆ ಹೇಳುತ್ತಾಳೆ, ಬಿದ್ದು ಪೆಟ್ಟಾದರೆ ಯಾರ ಬಳಿ ಓಡುತ್ತಾಳೆ, ಆಟಿಕೆಯನ್ನು ಯಾರಾದರೂ ಕಿತ್ತುಕೊಂಡರೆ ಏನು ಮಾಡುತ್ತಾಳೆ ಎಂದು ಕೇಳಿ. ಅವರು ಉತ್ತರ ಕೊಡುವಾಗ ನಡುವೆ ಬಾಯಿ ಹಾಕದೆ, ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬಂದು, ಮನೆಯವರೆಲ್ಲ ಕೂತು ಓದಿ.