ಓದುಗರ ಪ್ರಶ್ನೆ, ಗಣಿತದ ಉತ್ತರ: ಎಲ್ಲ ಚುಕ್ಕೆ ಮುಟ್ಟಿದರೆ ಸಾಕಾ?

ಪ್ರಶ್ನೆ: ನಾನು ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್) ಮೊದಲ ವರ್ಷ ಓದುತ್ತಿದ್ದೇನೆ. ಗಣಿತದ ಐಎಗೆ (ಇಂಟರ್ನಲ್ ಅಸೆಸ್‌ಮೆಂಟ್, ಅಂದರೆ ನಾವೇ ಮಾಡಿ ಒಪ್ಪಿಸುವ ಪ್ರಾಜೆಕ್ಟ್) ಕರ್ನಾಟಕದ ಜನಸಂಖ್ಯೆ ತೆಗೆದುಕೊಂಡಿದ್ದೇನೆ. 1951ರಿಂದ 2011ರವರೆಗಿನ ಏಳು ಜನಗಣತಿಗಳನ್ನು 0ಯಿಂದ 6 ಅಂತ ನಂಬರ್ ಮಾಡಿ ಎಕ್ಸೆಲ್‌ಗೆ ಹಾಕಿದೆ. ಟ್ರೆಂಡ್‌ಲೈನ್‌ನಲ್ಲಿ (ಚುಕ್ಕೆಗಳಿಗೆ ಹೊಂದಿಸುವ ಗೆರೆ) ಪಾಲಿನಾಮಿಯಲ್ (ಬಹುಪದಿ) ಡಿಗ್ರಿ 2 ಇಟ್ಟರೆ ಗೆರೆ ಚುಕ್ಕೆಗಳ ಪಕ್ಕದಲ್ಲಿ ಹೋಗುತ್ತದೆ. 6 ಇಟ್ಟರೆ ಎಲ್ಲ ಚುಕ್ಕೆಗಳ ಮೇಲೂ ಕೂರುತ್ತದೆ, ಆರ್ ಸ್ಕ್ವೇರ್ (ಗೆರೆ ಚುಕ್ಕೆಗಳಿಗೆ ಎಷ್ಟು ಹೊಂದುತ್ತದೆ ಅನ್ನುವ ಅಳತೆ, 1 ಅಂದರೆ ಪೂರ್ತಿ) 1 ಬರುತ್ತದೆ. ಆದರೆ ಟೀಚರ್ "6 ಯಾಕೆ?" ಅಂತ ಬರೆದು ವಾಪಸ್ ಕೊಟ್ಟಿದ್ದಾರೆ. ಎಲ್ಲ ಚುಕ್ಕೆ ಮುಟ್ಟಿದ ಮೇಲೆ ಇನ್ನೇನು ಬೇಕು ಮೇಡಂ?
(ವಿದ್ಯಾರ್ಥಿನಿ, ಬೆಂಗಳೂರು)

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಟೀಚರ್ ಕೇಳಿರುವುದು ಸರಿಯಾದ ಪ್ರಶ್ನೆ. ಆರನೇ ಡಿಗ್ರಿಯ ಪಾಲಿನಾಮಿಯಲ್‌ಗೆ ಏಳು ಗುಣಾಂಕಗಳಿರುತ್ತವೆ (ಆರು ಘಾತಗಳ ಮುಂದೆ ಬರುವ ಆರು ಸಂಖ್ಯೆ, ಜೊತೆಗೆ ಒಂದು ಬಿಡಿ ಸಂಖ್ಯೆ). ನಿಮ್ಮ ಹತ್ತಿರ ಇರುವುದೂ ಏಳೇ ಚುಕ್ಕೆ. ಏಳು ಸಮೀಕರಣ, ಏಳು ಗುಣಾಂಕ, ಗೆರೆ ಎಲ್ಲದರ ಮೇಲೂ ಕೂತೇ ಕೂರುತ್ತದೆ. ಜನಸಂಖ್ಯೆಯ ಬದಲು ನಿಮ್ಮ ಕ್ಲಾಸಿನ ಏಳು ಜನರ ಫೋನ್ ನಂಬರಿನ ಕೊನೆಯ ಅಂಕೆ ಕೊಟ್ಟಿದ್ದರೂ ಆರ್ ಸ್ಕ್ವೇರ್ 1 ಬರುತ್ತಿತ್ತು. ಅಂದರೆ ಆ 1 ಕರ್ನಾಟಕದ ಬಗ್ಗೆ ಏನನ್ನೂ ಹೇಳುತ್ತಿಲ್ಲ.

ಇದನ್ನು ಸುಮ್ನೆ ನಂಬಬೇಡಿ, ಕೈಯಲ್ಲೇ ಲೆಕ್ಕ ಹಾಕಿ ನೋಡೋಣ. ಕೋಟಿಯಲ್ಲಿ ಬರೆದರೆ ನಿಮ್ಮ ಅಂಕಿಗಳು ಹೀಗಿವೆ: 1.94, 2.36, 2.93, 3.71, 4.50, 5.29, 6.11. ಪಕ್ಕಪಕ್ಕದ ಎರಡೆರಡರ ವ್ಯತ್ಯಾಸ ತೆಗೆಯಿರಿ: 0.42, 0.57, 0.78, 0.79, 0.79, 0.82. ಆ ವ್ಯತ್ಯಾಸಗಳ ವ್ಯತ್ಯಾಸ ತೆಗೆಯಿರಿ: 0.15, 0.21, 0.01, 0, 0.03. ಹೀಗೆ ಕೆಳಗೆ ಇಳಿಯುತ್ತಾ ಹೋದರೆ ಆರನೇ ಸಾಲಿನಲ್ಲಿ ಒಂದೇ ಒಂದು ಅಂಕಿ ಉಳಿಯುತ್ತದೆ: ಮೈನಸ್ 0.60. ಆರನೇ ಡಿಗ್ರಿಯ ಪಾಲಿನಾಮಿಯಲ್‌ನಲ್ಲಿ ಈ ಆರನೇ ಸಾಲು ಬದಲಾಗುವುದೇ ಇಲ್ಲ, ಎಷ್ಟು ಮುಂದೆ ಹೋದರೂ ಮೈನಸ್ 0.60 ಆಗಿಯೇ ಇರುತ್ತದೆ. ಹಾಗಾಗಿ ಅದನ್ನೇ ಪಕ್ಕಕ್ಕೆ ಇನ್ನೊಂದು ಸಲ ಬರೆದು, ಕೆಳಗಿನಿಂದ ಮೇಲಕ್ಕೆ ಕೂಡಿಸುತ್ತಾ ಬಂದರೆ ಮುಂದಿನ ದಶಕದ ಅಂಕಿ ತಾನಾಗಿ ಸಿಗುತ್ತದೆ. ಕಂಪ್ಯೂಟರ್ ಬೇಕಿಲ್ಲ, ಹತ್ತು ನಿಮಿಷದ ಕೆಲಸ.

ಹಾಗೆ ಮಾಡಿದರೆ 2021ಕ್ಕೆ 6.28 ಕೋಟಿ ಬರುತ್ತದೆ. ಪರವಾಗಿಲ್ಲ ಅನ್ನಿಸಬಹುದು. 2031ಕ್ಕೆ 3.06 ಕೋಟಿ. ಹತ್ತೇ ವರ್ಷದಲ್ಲಿ ರಾಜ್ಯದ ಅರ್ಧಕ್ಕಿಂತ ಹೆಚ್ಚು ಜನ ಮಾಯ! 2041ಕ್ಕೆ ಮೈನಸ್ 10.30 ಕೋಟಿ.

ಮುಂದಿನದನ್ನು ಯಾರೂ ನೋಡಿಲ್ಲ, 2021ರ ಜನಗಣತಿ ನಡೆಯಲೇ ಇಲ್ಲ, ಹಾಗಾಗಿ ಇದನ್ನು ತಪ್ಪು ಅಂತ ಹೇಗೆ ಹೇಳುವುದು ಅಂತ ನೀವು ಕೇಳಬಹುದು. ಸರಿ, ಹಿಂದಕ್ಕೆ ಹೋಗಿ. ಇದೇ ಪಟ್ಟಿಯನ್ನು ಎಡಕ್ಕೆ ಬೆಳೆಸಿದರೆ 1941ಕ್ಕೆ 0.30 ಕೋಟಿ, ಅಂದರೆ 30 ಲಕ್ಷ ಬರುತ್ತದೆ. ನಿಜವಾದ ಅಂಕಿ 1.63 ಕೋಟಿ. (ಆಗ ಈ ರಾಜ್ಯವೇ ಇರಲಿಲ್ಲ, ಅದಾಗಿದ್ದು 1956ರಲ್ಲಿ, ಹಳೆಯ ಅಂಕಿಗಳನ್ನು ಈಗಿನ ಗಡಿಗೆ ಹೊಂದಿಸಿ ಜನಗಣತಿಯವರೇ ಕೊಡುತ್ತಾರೆ. ಇದನ್ನು ಐಎಯಲ್ಲಿ ಒಂದು ಸಾಲು ಬರೆಯಿರಿ.) ಕೊಟ್ಟ ಏಳೂ ಚುಕ್ಕೆಗಳನ್ನು ಒಂದಿಷ್ಟೂ ತಪ್ಪದೆ ಮುಟ್ಟಿದ ಗೆರೆ, ಪಕ್ಕದಲ್ಲೇ ಇದ್ದ ಎಂಟನೆಯ ಚುಕ್ಕೆಯ ಹತ್ತಿರಕ್ಕೂ ಬರಲಿಲ್ಲ.

ಇನ್ನೊಂದು ಪರೀಕ್ಷೆ ಇದೆ, ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ಮೇಲಿನ ಅಂಕಿಗಳನ್ನು ಎರಡು ದಶಮಾಂಶಕ್ಕೆ ಇಳಿಸಿದ್ದೆವು ಅಲ್ವಾ? ಈಗ ನಾಲ್ಕು ದಶಮಾಂಶ ಇಡಿ: 1.9402, 2.3587, 2.9299, 3.7136, 4.4977, 5.2851, 6.1095. ಯಾವ ಅಂಕಿಯೂ 50 ಸಾವಿರಕ್ಕಿಂತ ಜಾಸ್ತಿ ಕದಲಿಲ್ಲ. ಆದರೆ 2031ರ ಉತ್ತರ 3.06ರಿಂದ 2.36ಕ್ಕೆ ಬರುತ್ತದೆ, ಹತ್ತಿರಹತ್ತಿರ 70 ಲಕ್ಷದ ಫರಕು! ಅಂಕಿಗಳಲ್ಲಿದ್ದ ಸಣ್ಣ ಪುಟ್ಟ ಅಲುಗಾಟವನ್ನೆಲ್ಲ ಈ ಗೆರೆ ನಿಜ ಅಂತ ನಂಬಿ ದೊಡ್ಡದು ಮಾಡುತ್ತದೆ. ಜರ್ಮನಿಯ ಕಾರ್ಲ್ ರುಂಗೆ 1901ರಲ್ಲೇ ಇಂಥದ್ದೊಂದನ್ನು ತೋರಿಸಿದ್ದರು: ಸಮ ಅಂತರದ ಚುಕ್ಕೆಗಳ ಮೂಲಕ ಹಾಯಿಸುವ ಪಾಲಿನಾಮಿಯಲ್‌ನ ಡಿಗ್ರಿ ಏರಿಸುತ್ತಾ ಹೋದರೆ, ಕೆಲವು ತೀರಾ ಸಾಧಾರಣ ಕಾಣುವ ಫಂಕ್ಷನ್‌ಗಳಿಗೂ ಅಂಚಿನಲ್ಲಿ ಗೆರೆ ಹುಚ್ಚೆದ್ದು ಕುಣಿಯುತ್ತದೆ.

ಹಾಗಾದರೆ ಯಾವ ಡಿಗ್ರಿ? ಮೊದಲು ವ್ಯತ್ಯಾಸದ ಆ ಮೊದಲ ಸಾಲನ್ನು ಇನ್ನೊಮ್ಮೆ ನೋಡಿ. 0.42, 0.57, 0.78 ಅಂತ ಏರಿ, ಆಮೇಲೆ 0.79, 0.79, 0.82. ಮೊದಲ ಮೂರು ದಶಕ ಹೆಚ್ಚಳವೇ ಹೆಚ್ಚುತ್ತಿತ್ತು, ಆಮೇಲೆ ಅದು ನಿಂತಿತು. ಶೇಕಡಾವಾರು ನೋಡಿದರೆ ಇನ್ನೂ ಸ್ಪಷ್ಟ: 1971–81ರಲ್ಲಿ 26.7 ಇದ್ದ ಬೆಳವಣಿಗೆ 2001–11ಕ್ಕೆ 15.6ಕ್ಕೆ ಇಳಿದಿದೆ. ಮೊದಲು ಸಾವಿನ ಪ್ರಮಾಣ ಇಳಿಯಿತು, ಸ್ವಲ್ಪ ತಡವಾಗಿ ಜನನ ಪ್ರಮಾಣ ಇಳಿಯಿತು. ಮೇಲಕ್ಕೆ ಬಾಗುತ್ತಿದ್ದ ಗೆರೆ ಮಧ್ಯದಲ್ಲಿ ಬಾಗುವುದನ್ನು ಬಹುತೇಕ ನಿಲ್ಲಿಸಿ ನೇರವಾಗಿದೆ ಅಂತ ಇದರ ಅರ್ಥ. ಎರಡನೇ ಡಿಗ್ರಿಯ ಗೆರೆಯಲ್ಲಿ ವ್ಯತ್ಯಾಸಗಳ ಎರಡನೇ ಸಾಲು ಬದಲಾಗುವುದೇ ಇಲ್ಲ. ಅದು ಹೀಗೆ ಇಳಿಯಲು ಕನಿಷ್ಠ ಮೂರನೇ ಡಿಗ್ರಿ ಬೇಕು. ನೋಡಿ, 3 ಯಾಕೆ ಅನ್ನುವುದಕ್ಕೆ ಈಗ ನಿಮ್ಮ ಹತ್ತಿರ ಕಾರಣ ಇದೆ, ಅದು ಅಂಕಿಗಳಿಂದಲೇ ಬಂದಿದೆ.

1981 ಮಧ್ಯಕ್ಕೆ ಬರುವಂತೆ ಕ = (ಇಸವಿ − 1981) ÷ 10 ಅಂತ ಇಟ್ಟುಕೊಂಡರೆ, ಕನಿಷ್ಠ ವರ್ಗಗಳ ವಿಧಾನದಲ್ಲಿ (ಚುಕ್ಕೆಗೂ ಗೆರೆಗೂ ಇರುವ ತಪ್ಪುಗಳ ವರ್ಗಗಳ ಮೊತ್ತ ಆದಷ್ಟು ಕಡಿಮೆ ಇರುವಂತೆ ಗೆರೆ ಹುಡುಕುವುದು) ಬರುವ ಮೂರನೇ ಡಿಗ್ರಿಯ ಸೂತ್ರ ಇದು:

3.686 + 0.776ಕ + 0.037ಕ² − 0.0092ಕ³

ಇದು ಯಾವ ಚುಕ್ಕೆಯನ್ನೂ ಸರಿಯಾಗಿ ಮುಟ್ಟುವುದಿಲ್ಲ, ಆದರೆ ಎಲ್ಲಿಯೂ ಎರಡೂವರೆ ಲಕ್ಷದ ಆಸುಪಾಸಿಗಿಂತ ಜಾಸ್ತಿ ತಪ್ಪುವುದಿಲ್ಲ. ಎರಡನೇ ಡಿಗ್ರಿಯಲ್ಲಿ ಈ ತಪ್ಪು 8 ಲಕ್ಷದವರೆಗೆ ಹೋಗುತ್ತದೆ. 1941ಕ್ಕೆ ಇದು ಕೊಡುವುದು 1.76 ಕೋಟಿ; ನಿಜ 1.63. ಸ್ವಲ್ಪ ತಪ್ಪಿದೆ, ಆದರೆ ಮಾತಾಡಬಹುದಾದ ತಪ್ಪು. 2031ಕ್ಕೆ 7.35 ಕೋಟಿ. ನಾಲ್ಕು ದಶಮಾಂಶದ ಅಂಕಿ ಹಾಕಿದರೂ ಈ ಉತ್ತರ ಒಂದು ಲಕ್ಷದಷ್ಟೂ ಅಲ್ಲಾಡುವುದಿಲ್ಲ.

ಇದಕ್ಕೂ ಮಿತಿ ಇದೆ. ಕ³ದ ಮುಂದೆ ಮೈನಸ್ ಇರುವುದರಿಂದ ಈ ಗೆರೆ 2050ರ ಹೊತ್ತಿಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಅದು ಸೂತ್ರದ ಗುಣ, ಕುಟುಂಬಗಳ ಬಗ್ಗೆ ಅದಕ್ಕೇನೂ ಗೊತ್ತಿಲ್ಲ. ಬಿಡುವಿದ್ದರೆ ಬೆಲ್ಜಿಯಂನ ಗಣಿತಜ್ಞ ವರ್ಹುಲ್ಸ್ಟ್ 1838ರಲ್ಲಿ ಕೊಟ್ಟ ಲಾಜಿಸ್ಟಿಕ್ ಮಾದರಿಯನ್ನೂ (ಮೊದಲು ವೇಗವಾಗಿ ಏರಿ, ಆಮೇಲೆ ಒಂದು ಮಿತಿಯ ಹತ್ತಿರ ನಿಲ್ಲುವ ಗೆರೆ) ಇದರ ಪಕ್ಕ ಇಟ್ಟು ನೋಡಿ. ಐಎಯಲ್ಲಿ ರಿಫ್ಲೆಕ್ಷನ್‌ಗೆ ಬೇರೆಯೇ ಅಂಕ ಇದೆ. ಆರನೇ ಡಿಗ್ರಿಯನ್ನು ಅಳಿಸಬೇಡಿ, ಮೈನಸ್ 10 ಕೋಟಿ ಬಂದ ಲೆಕ್ಕವನ್ನು ಪೂರ್ತಿ ಇಡಿ, ಅದನ್ನು ಯಾಕೆ ಬಿಟ್ಟಿರಿ ಅಂತ ಬರೆಯಿರಿ. ನಿಮ್ಮ ಐಎಯಲ್ಲಿ ಓದಬೇಕು ಅನ್ನಿಸುವ ಪುಟ ಅದೇ ಆಗುತ್ತದೆ.

ಪ್ರಶ್ನೆ: ಬಿಎಸ್ಸಿ ಪ್ರಾಜೆಕ್ಟ್‌ಗೆ ಎಕ್ಸೆಲ್‌ನಲ್ಲಿ ಮೂರನೇ ಡಿಗ್ರಿ ಟ್ರೆಂಡ್‌ಲೈನ್ ಹಾಕಿದೆ. ಗ್ರಾಫ್ ಸರಿಯಾಗಿದೆ. ಆದರೆ ಗ್ರಾಫ್ ಮೇಲೆ ಬರುವ ಸೂತ್ರದಲ್ಲಿ ಇಸವಿ ಹಾಕಿದರೆ ಏನೇನೋ ಉತ್ತರ ಬರುತ್ತದೆ. ಸಾಫ್ಟ್‌ವೇರ್ ತಪ್ಪಾ?
(ವಿದ್ಯಾರ್ಥಿ, ಧಾರವಾಡ)

ಉತ್ತರ: ತಪ್ಪು ಸೂತ್ರದಲ್ಲಿಲ್ಲ, ಅದು ಕಾಣಿಸುವ ರೀತಿಯಲ್ಲಿದೆ. ನಿಮ್ಮ ಅಂಕಿ ನೀವು ಕಳಿಸಿಲ್ಲ, ಮೇಲಿನ ಕರ್ನಾಟಕದ ಅಂಕಿಯಲ್ಲೇ ತೋರಿಸುತ್ತೇನೆ. ಇಸವಿಯನ್ನು ಹಾಗೇ ಇಟ್ಟರೆ ಘನದ ಗುಣಾಂಕ ಮೈನಸ್ 0.0000091667. ಎಕ್ಸೆಲ್ ಅದನ್ನು ಚಿಕ್ಕದು ಮಾಡಿ ಮೈನಸ್ 0.000009 ಅನ್ನುವ ಅರ್ಥದಲ್ಲಿ ಬರೆಯುತ್ತದೆ. ಸಣ್ಣ ವಿಷಯ ಅನ್ನಿಸುತ್ತೆ. ಆದರೆ 2011ರ ಘನ 813 ಕೋಟಿ. ಬಿಟ್ಟುಹೋದ ಆ ಚೂರನ್ನು ಇದರಿಂದ ಗುಣಿಸಿದರೆ ಅದೊಂದೇ ಪದದಲ್ಲಿ 1350 ಕೋಟಿಗೂ ಹೆಚ್ಚು ಜನರ ತಪ್ಪು. ಇಡೀ ಭೂಮಿಯಲ್ಲೇ ಅಷ್ಟು ಜನರಿಲ್ಲ.

ಸೂತ್ರದ ಮೇಲೆ ರೈಟ್ ಕ್ಲಿಕ್ ಮಾಡಿ, ನಂಬರ್ ಫಾರ್ಮ್ಯಾಟ್‌ನಲ್ಲಿ ದಶಮಾಂಶ ಹೆಚ್ಚಿಸಿಕೊಳ್ಳಬಹುದು. ಆದರೆ ಅದಕ್ಕಿಂತ ಒಳ್ಳೆಯದು ಮೇಲೆ ಮಾಡಿದ ಹಾಗೆ ಮಧ್ಯದ ಇಸವಿಯನ್ನು ಕಳೆದು 10ರಿಂದ ಭಾಗಿಸುವುದು. ಆಗ ಹಾಕುವ ಬೆಲೆ ಮೈನಸ್ 3ರಿಂದ 3ರವರೆಗೆ ಅಷ್ಟೇ. ಸೂತ್ರವನ್ನು ಕೈಯಲ್ಲೇ ಪರೀಕ್ಷಿಸಬಹುದು, ಮೊದಲ ಪದ 1981ರ ಜನಸಂಖ್ಯೆಯ ಅಂದಾಜು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ಪ್ರಶ್ನೆ: ಕನಿಷ್ಠ ವರ್ಗಗಳ ವಿಧಾನದಲ್ಲಿ ತಪ್ಪುಗಳನ್ನು ವರ್ಗ ಮಾಡುವುದು ಯಾಕೆ? ಸುಮ್ನೆ ಕೂಡಿಸಿದರೆ ಆಗಲ್ವಾ?
(ಓದುಗರು, ಮಂಗಳೂರು)

ಉತ್ತರ: ಸುಮ್ನೆ ಕೂಡಿಸಿದರೆ ಪ್ಲಸ್ ಮೈನಸ್ ಎರಡೂ ಹೊಡೆದುಹೋಗಿ, ಕೆಟ್ಟ ಗೆರೆಗೂ ಸೊನ್ನೆ ಬರಬಹುದು. ಚಿಹ್ನೆ ಬಿಟ್ಟು ಕೂಡಿಸಬಹುದು, ಅದೂ ಒಂದು ವಿಧಾನವೇ. ಆದರೆ ವರ್ಗ ಮಾಡಿದರೆ ಡಿಫರೆನ್ಷಿಯೇಟ್ ಮಾಡಿದಾಗ ಸರಳ ಏಕಘಾತ ಸಮೀಕರಣಗಳು ಬರುತ್ತವೆ, ಕೈಯಲ್ಲೇ ಬಿಡಿಸಬಹುದು. ಕಂಪ್ಯೂಟರ್ ಇಲ್ಲದ ಕಾಲಕ್ಕೆ ಅದು ದೊಡ್ಡ ಅನುಕೂಲ. ಫ್ರಾನ್ಸಿನ ಗಣಿತಜ್ಞ ಲೆಜಾಂಡ್ರ್ ಇದನ್ನು ಪ್ರಕಟಿಸಿದ್ದು 1805ರಲ್ಲಿ, ಧೂಮಕೇತುಗಳ ಕಕ್ಷೆ ಕುರಿತ ಪುಸ್ತಕದ ಅನುಬಂಧದಲ್ಲಿ. ಜರ್ಮನಿಯ ಗಣಿತಜ್ಞ ಗೌಸ್ 1809ರಲ್ಲಿ, ತಾನು 1795ರಿಂದಲೇ ಇದನ್ನು ಬಳಸುತ್ತಿದ್ದೇನೆ ಅಂತ ಬರೆದು ಜಗಳಕ್ಕೆ ಕಾರಣರಾದರು.

ಒಂದು ಎಚ್ಚರ ಬೇಕು. ವರ್ಗ ಮಾಡಿದಾಗ ದೊಡ್ಡ ತಪ್ಪು ಇನ್ನೂ ದೊಡ್ಡದಾಗುತ್ತದೆ. 5.29 ಬದಲು 52.9 ಅಂತ ಟೈಪ್ ಆಗಿದ್ದರೆ ಇಡೀ ಗೆರೆ ಆ ಒಂದು ಚುಕ್ಕೆಯ ಕಡೆಗೆ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಸೂತ್ರ ಹುಡುಕುವ ಮೊದಲು ಚುಕ್ಕೆಗಳನ್ನು ಮಾತ್ರ ಗ್ರಾಫ್‌ನಲ್ಲಿ ಹಾಕಿ, ಗುಂಪು ಬಿಟ್ಟು ನಿಂತದ್ದು ಕಂಡರೆ ಮೂಲ ಪಟ್ಟಿ ತೆಗೆದು ಹೋಲಿಸಿ.